40 ಲಕ್ಷದ ಲಿಮಿಟ್ ಇದೆ ಅಂತಾರೆ, ಮತ್ತೆ ಆ ಕೋಟಿಗಟ್ಟಲೆ ದುಡ್ಡು ಯಾವ ಲೆಕ್ಕಕ್ಕೆ ಹೋಗತ್ತೆ?

ಓದುಗರ ಪ್ರಶ್ನೆ: "ಸಾರ್, ಎಮ್ಮೆಲ್ಲೆ ಎಲೆಕ್ಷನ್‌ಗೆ 40 ಲಕ್ಷದ ಮೇಲೆ ಒಂದ್ರೂಪಾಯಿ ಖರ್ಚು ಮಾಡಂಗಿಲ್ಲ ಅಂತ ರೂಲ್ಸ್ ಇದೆಯಂತೆ. ನಮ್ಮೂರಲ್ಲಿ ಒಂದೇ ಸಮಾವೇಶಕ್ಕೆ ಅಷ್ಟು ಉಡಾಯಿಸಿದ್ರು. ಹಂಗಾದ್ರೆ ಇವ್ರೆಲ್ಲ ಸುಳ್ಳು ಲೆಕ್ಕ ಕೊಡ್ತಾರಾ? ಕೊಟ್ರೂ ಯಾರೂ ಯಾಕೆ ಸಿಕ್ಕಿಹಾಕ್ಕೊಳಲ್ಲ?"

ಪ್ರತಿ ಎಲೆಕ್ಷನ್ ಟೈಮಲ್ಲೂ ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರತ್ತೆ. ಸುಳ್ಳು ಲೆಕ್ಕ ಕೊಡೋರು ಖಂಡಿತ ಇದ್ದಾರೆ, ಅದ್ರಲ್ಲಿ ಅನುಮಾನ ಬೇಡ. ಆದ್ರೆ ನಂಗೆ ಅದಕ್ಕಿಂತ ಬೇಜಾರಾಗೋದು ಏನಂದ್ರೆ, ಸುಳ್ಳು ಹೇಳೋ ಅವಶ್ಯಕತೆನೇ ಅಷ್ಟಾಗಿ ಬರಲ್ಲ. ಆ 40 ಲಕ್ಷ ಅನ್ನೋ ಗೆರೆನ ಎಷ್ಟು ಚಿಕ್ಕ ಜಾಗದ ಸುತ್ತ ಎಳೆದಿದ್ದಾರೆ ಅಂದ್ರೆ ಎಲೆಕ್ಷನ್ನಿನ ಅಸಲಿ ಖರ್ಚೆಲ್ಲ ಗೆರೆಯಿಂದಾಚೆನೇ ಆರಾಮಾಗಿ ನಡೆದುಹೋಗತ್ತೆ.

ಮೊದ್ಲು ಆ ನಂಬರ್ ನೋಡಿಬಿಡೋಣ. 2022ರ ಜನವರಿಲಿ ಮಿತಿ ಜಾಸ್ತಿ ಮಾಡಿದ್ರು, ಕರ್ನಾಟಕದಂಥ ದೊಡ್ಡ ರಾಜ್ಯದಲ್ಲಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ. ಕೊರೋನಾಗೆ ಮುಂಚೆ ಇದು 28 ಲಕ್ಷ, 70 ಲಕ್ಷ ಇತ್ತು. ಈಗ ಲೆಕ್ಕ ಹಾಕಿ, 2023ರಲ್ಲಿ ನಮ್ ರಾಜ್ಯದಲ್ಲಿ ಮತದಾರರು ಸುಮಾರು 5.3 ಕೋಟಿ, ಕ್ಷೇತ್ರ 224, ಅಂದ್ರೆ ಒಂದು ಕ್ಷೇತ್ರಕ್ಕೆ ಹತ್ರತ್ರ 2.36 ಲಕ್ಷ ಓಟು, ತಲೆಗೆ 17 ರೂಪಾಯಿ ಬಿತ್ತು. ಬೂತ್ ಲೆಕ್ಕದಲ್ಲಿ ನೋಡಿದ್ರೆ ರಾಜ್ಯದಲ್ಲಿ 58 ಸಾವಿರಕ್ಕೂ ಹೆಚ್ಚು ಬೂತ್ ಇದ್ವು, ಕ್ಷೇತ್ರಕ್ಕೆ ಸುಮಾರು 260, ಒಂದು ಬೂತ್‌ಗೆ 15 ಸಾವಿರದ ಚಿಲ್ಲರೆ. ಇದರಲ್ಲೇ ಪಾಂಪ್ಲೆಟ್, ಆಟೋ ಮೈಕು, ಪೆಂಡಾಲು, ಹುಡುಗರ ಪೆಟ್ರೋಲು, ಊಟ, ಓಟಿನ ದಿನ ಏಜೆಂಟ್‌ಗಳ ಖರ್ಚು ಎಲ್ಲಾ ಮುಗೀಬೇಕು. ಎಲೆಕ್ಷನ್ ಮಾಡಿದೋರ ಹತ್ರ ಈ ಲೆಕ್ಕ ಹೇಳಿ ನೋಡಿ, ನಗ್ತಾರೆ. ಒಂದು ಬೂತಿನ ಉಸ್ತುವಾರಿ ಹುಡುಗರ ಚಹಾ-ಬಿರಿಯಾನಿಗೇ ಇದು ಸಾಲಲ್ಲ ಅಂತಾರೆ.

ಹಂಗಾದ್ರೆ ಹೆಂಗೆ ಮ್ಯಾನೇಜ್ ಮಾಡ್ತಾರೆ? ಮೊದಲ್ನೇದು ಕ್ಯಾಲೆಂಡರ್ ಆಟ. 1951ರ ಪ್ರಜಾಪ್ರತಿನಿಧಿ ಕಾಯ್ದೆ ಸೆಕ್ಷನ್ 77 ಪ್ರಕಾರ ಅಭ್ಯರ್ಥಿ ಲೆಕ್ಕ ಇಡಬೇಕಾದ್ದು ನಾಮಪತ್ರ ಸಲ್ಲಿಸಿದ ದಿನದಿಂದ ರಿಸಲ್ಟ್ ದಿನದವರೆಗೆ ಮಾತ್ರ. 2023ರದ್ದೇ ತಗೊಳ್ಳಿ, ನಾಮಪತ್ರ ಶುರುವಾಗಿದ್ದು ಏಪ್ರಿಲ್ 13, ಓಟು ಮೇ 10, ರಿಸಲ್ಟ್ ಮೇ 13. ಮೊದಲ ದಿನವೇ ನಾಮಪತ್ರ ಹಾಕಿದ್ರೂ ಜಾಸ್ತಿ ಅಂದ್ರೆ ಒಂದು ತಿಂಗಳು, ಕೊನೇ ದಿನ ಏಪ್ರಿಲ್ 20ಕ್ಕೆ ಹಾಕಿದೋರಿಗೆ ಮೂರೂವರೆ ವಾರವೂ ಇಲ್ಲ. ಆದ್ರೆ ನಮ್ಮಲ್ಲಿ ಎಲೆಕ್ಷನ್ ಶುರುವಾಗೋದು ವರ್ಷಕ್ಕೆ ಮುಂಚೆ, ಗಣೇಶ ಹಬ್ಬಕ್ಕೆ ಹುಡುಗರ ಸಂಘಕ್ಕೆ ದುಡ್ಡು, ಕ್ರಿಕೆಟ್ ಟೂರ್ನಮೆಂಟಿಗೆ ಕಪ್ಪು, ಹೆಂಗಸರಿಗೆ ಓಂ ಶಕ್ತಿ ಟೂರು, ಧರ್ಮಸ್ಥಳದ ಬಸ್ಸು, ಯುಗಾದಿಗೆ ಸೀರೆ, ಆಮೇಲೆ ಫೋಟೋ ಅಂಟಿಸಿದ ಕುಕ್ಕರು. ಮೊದ್ಲೇ ತರಿಸಿಟ್ಟ ಬಾವುಟ, ಬ್ಯಾನರ್‌ನ ಪ್ರಚಾರಕ್ಕೆ ಬಳಸಿದ್ರೆ ಅದನ್ನ ಲೆಕ್ಕಕ್ಕೆ ಸೇರಿಸ್ಬೇಕು ಅಂತ ನಿಯಮ ಇದೆ, ಸರಿ. ಆದ್ರೆ ಆಗಲೇ ಅಡುಗೆಮನೆ ಸೇರಿ ವಿಷಲ್ ಹೊಡೀತಿರೋ ಕುಕ್ಕರನ್ನ ಯಾವ ರಿಜಿಸ್ಟರಿಗೆ ಬರೀತೀರ?

ಎರಡನೇದು, ಮಿತಿ ಇರೋದು ಅಭ್ಯರ್ಥಿಗೆ, ಪಕ್ಷಕ್ಕಲ್ಲ. ಇದು ತುಂಬ ಜನಕ್ಕೆ ಗೊತ್ತೇ ಇಲ್ಲ. ಪಕ್ಷ ನೂರು ಕೋಟಿ ಖರ್ಚು ಮಾಡಿದ್ರೂ ಕಾನೂನಿನ ಪ್ರಕಾರ ತಪ್ಪಿಲ್ಲ, ವಿಧಾನಸಭೆ ಎಲೆಕ್ಷನ್ ಮುಗಿದು 75 ದಿನದೊಳಗೆ ಚುನಾವಣಾ ಆಯೋಗಕ್ಕೆ ಲೆಕ್ಕ ಕೊಟ್ಟರೆ ಮುಗೀತು. ಇದಕ್ಕೊಂದು ಹಳೇ ಕಥೆ ಇದೆ. 1974ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕನ್ವರ್ ಲಾಲ್ ಗುಪ್ತಾ ಕೇಸಲ್ಲಿ, ಅಭ್ಯರ್ಥಿಗೆ ಗೊತ್ತಿದ್ದೂ ಅವನ ಪರವಾಗಿ ಪಕ್ಷ ಮಾಡಿದ ಖರ್ಚು ಅವನ ಲೆಕ್ಕಕ್ಕೇ ಬರಬೇಕು ಅಂದ್ಬಿಡ್ತು. ಅದೇ ತಿಂಗಳು ಸರ್ಕಾರ ಸುಗ್ರೀವಾಜ್ಞೆ ತಂದು ಆ ತೀರ್ಪಿನ ಹಲ್ಲು ಕಿತ್ತು ಕೈಗೆ ಕೊಡ್ತು. ಬಡವರ ಪಿಂಚಣಿ ಫೈಲು ಯಾವತ್ತಾದ್ರೂ ಇಷ್ಟು ಸ್ಪೀಡಾಗಿ ಓಡಿದ್ದು ನೋಡಿದ್ದೀರಾ? 2003ರಲ್ಲಿ ತಿದ್ದುಪಡಿ ಮಾಡಿ ಸ್ವಲ್ಪ ಬಿಗಿ ಮಾಡಿದ್ರು ನಿಜ, ಆದ್ರೂ ಸ್ಟಾರ್ ಪ್ರಚಾರಕರ ಓಡಾಟದ ಖರ್ಚು ಹೊರಗೇ ಉಳೀತು. ಮಾನ್ಯತೆ ಇರೋ ಪಕ್ಷಕ್ಕೆ 40 ಜನ ಸ್ಟಾರ್ ಪ್ರಚಾರಕರ ಲಿಸ್ಟ್ ಕೊಡೋಕೆ ಅವಕಾಶ ಇದೆ, ಅವರ ಹೆಲಿಕಾಪ್ಟರ್ ನಿಮ್ಮೂರ ಹೈಸ್ಕೂಲ್ ಮೈದಾನದಲ್ಲಿ ಧೂಳೆಬ್ಬಿಸಿ ಇಳಿದ್ರೆ ಅದು ಅಭ್ಯರ್ಥಿ ಖರ್ಚಲ್ಲ. ಅದೇ ಸ್ಟೇಜ್ ಮೇಲೆ ಅಭ್ಯರ್ಥಿ ಬಂದು ಕೂತ್ರೆ, ಅಥವಾ ಅವನ ಹೆಸರು, ಫೋಟೋ ಹಾಕಿದ್ರೆ ಮಾತ್ರ ಆ ಸಭೆ ಖರ್ಚಲ್ಲಿ ಅವನಿಗೂ ಪಾಲು ಬೀಳತ್ತೆ. ಅದಕ್ಕೇ ಕೆಲವು ಜಾಣರು ದೊಡ್ಡ ನಾಯಕರ ಭಾಷಣ ನಡೀತಿರುವಾಗ ಸ್ಟೇಜ್ ಹತ್ತದೆ ಕೆಳಗೆ ಜನರ ಮಧ್ಯೆ ಕೈಮುಗಿದುಕೊಂಡು ನಿಂತಿರ್ತಾರೆ, ನಾವು ಅದನ್ನ ವಿನಯ ಅಂದ್ಕೋತೀವಿ.

ಇನ್ನು ಆಯೋಗದವರು ಸುಮ್ನೆ ಕೂತಿರ್ತಾರೆ ಅಂದ್ರೆ ಅದೂ ಅನ್ಯಾಯದ ಮಾತು. ಅಭ್ಯರ್ಥಿಗೆ ಕೊಡೋ ರಿಜಿಸ್ಟರ್‌ನಲ್ಲಿ ಮೂರು ಬಣ್ಣದ ಹಾಳೆ ಇರತ್ತೆ, ದಿನದ ಖರ್ಚಿಗೆ ಬಿಳಿ, ಕ್ಯಾಶಿಗೆ ಗುಲಾಬಿ, ಬ್ಯಾಂಕಿಗೆ ಹಳದಿ. ಎಲೆಕ್ಷನ್ನಿಗೇ ಅಂತ ಬೇರೆ ಬ್ಯಾಂಕ್ ಅಕೌಂಟ್ ತೆಗೀಬೇಕು, ಒಬ್ಬ ವ್ಯಕ್ತಿಗೆ ಇಡೀ ಎಲೆಕ್ಷನ್ನಲ್ಲಿ 10 ಸಾವಿರಕ್ಕಿಂತ ಹೆಚ್ಚು ಕ್ಯಾಶ್ ಕೊಡಂಗಿಲ್ಲ. ಆಯೋಗದ ಕಡೆಯಿಂದ ಪ್ರತಿ ಅಭ್ಯರ್ಥಿಗೂ ಒಂದು ಶ್ಯಾಡೋ ರಿಜಿಸ್ಟರ್, ಅಂದ್ರೆ ನೆರಳು ಲೆಕ್ಕ ಬರೀತಿರ್ತಾರೆ. ನಾನು ಒಂದು ತಾಲ್ಲೂಕು ಸಭೆಲಿ ಹತ್ತಿರದಿಂದ ನೋಡಿದ್ದೀನಿ, ವಿಡಿಯೋ ಟೀಮಿನ ಹುಡುಗ ಕ್ಯಾಮೆರಾ ಆನ್ ಮಾಡಿ ಮೊದ್ಲು ಊರು, ತಾರೀಖು, ಪಕ್ಷ, ಅಭ್ಯರ್ಥಿ ಹೆಸರು ಜೋರಾಗಿ ಹೇಳ್ತಾನೆ, ಆಮೇಲೆ ಸ್ಟೇಜ್ ಅಳತೆ ಅಂದಾಜು, ಕುರ್ಚಿ ಇಷ್ಟು, ಕಟೌಟ್ ಇಷ್ಟು, ಗಾಡಿ ನಂಬರ್ ಇಂತಿಂಥದ್ದು ಅಂತ ಮದುವೆ ಮನೆ ವಿಡಿಯೋ ಥರ ತಿರುಗಿಸ್ತಾ ಹೋಗ್ತಾನೆ. ಬಿಸಿಲಲ್ಲಿ ಬೆವರು ಸುರಿಸ್ಕೊಂಡು ಪಾಪ ಸೀರಿಯಸ್ಸಾಗೇ ಮಾಡ್ತಿದ್ದ. ಆಮೇಲೆ ಜಿಲ್ಲಾಡಳಿತ ಮೊದ್ಲೇ ಫಿಕ್ಸ್ ಮಾಡಿದ ರೇಟ್ ಚಾರ್ಟ್ ಪ್ರಕಾರ ಕುರ್ಚಿಗಿಷ್ಟು, ಟೀಗಿಷ್ಟು ಅಂತ ಗುಣಿಸ್ತಾರೆ, ಅಭ್ಯರ್ಥಿ ಕಡಿಮೆ ಬರೆದಿದ್ರೆ ನೋಟಿಸ್.

ತೊಂದರೆ ಎಲ್ಲಿ ಅಂದ್ರೆ, ಕ್ಯಾಮೆರಾಗೆ ಕಾಣೋದು ಕುರ್ಚಿ. ಓಟಿನ ಹಿಂದಿನ ಕತ್ತಲ ರಾತ್ರಿ ಲೈಟ್ ಆರಿಸಿ, ವೋಟರ್ ಲಿಸ್ಟ್ ಜೆರಾಕ್ಸ್ ಹಿಡ್ಕೊಂಡು, ದೇವರ ಫೋಟೋ ಮುಟ್ಟಿಸಿ ಆಣೆ ಮಾಡಿಸಿ ಕೈಗಿಡೋ ಕವರು ಯಾವ ಕ್ಯಾಮೆರಾಗೂ ಕಾಣಲ್ಲ. ಅದು ಮಿತಿ ಮೀರಿದ ಖರ್ಚಲ್ಲ, ನೇರವಾಗಿ ಲಂಚ, ಅದಕ್ಕೆ ಬೇರೆನೇ ಸೆಕ್ಷನ್ ಇದೆ. ಸಿಗೋದೂ ಕಡಿಮೆ ಏನಲ್ಲ, 2018ರಲ್ಲಿ ನಮ್ ರಾಜ್ಯದಲ್ಲಿ ಸುಮಾರು 84 ಕೋಟಿ ಮೌಲ್ಯದ ನಗದು, ಹೆಂಡ, ಗಿಫ್ಟು ಸೀಜ್ ಆಗಿತ್ತು, 2023ರಲ್ಲಿ ಅದು 375 ಕೋಟಿ. ಆದ್ರೆ ಸೀಜ್ ಆದ ದುಡ್ಡು ಯಾರದ್ದು ಅಂತ ಕೇಳಿ, ಕಾರಲ್ಲಿದ್ದೋನಿಗೇ ಗೊತ್ತಿರಲ್ಲ. ಯಾರ ಹೆಸರೂ ಇಲ್ಲದ ದುಡ್ಡನ್ನ ಯಾವ ಅಭ್ಯರ್ಥಿ ರಿಜಿಸ್ಟರಿಗೆ ಹಾಕ್ತಾರೆ ಹೇಳಿ.

ಇನ್ನೊಂದು ಇದೆ, "ನಾನಲ್ಲ, ಅಭಿಮಾನಿಗಳು ಮಾಡಿದ್ದು" ಅನ್ನೋ ಡೈಲಾಗು. ಅಭ್ಯರ್ಥಿ ಒಪ್ಪಿಗೆ ಪತ್ರ ಇಲ್ದೆ ಬೇರೆಯವ್ರು ಅವನಿಗೋಸ್ಕರ ಪ್ರಚಾರಕ್ಕೆ ಖರ್ಚು ಮಾಡೋದೂ ಅಪರಾಧನೇ. ಹಳೇ ಐಪಿಸಿಲಿ ಅದಕ್ಕೆ ದಂಡ 500 ರೂಪಾಯಿವರೆಗೆ, ಹೊಸ ಭಾರತೀಯ ನ್ಯಾಯ ಸಂಹಿತೆಲಿ 10 ಸಾವಿರದವರೆಗೆ. ಲಕ್ಷಗಟ್ಟಲೆ ಪಟಾಕಿ ಹೊಡೆಯೋ ಅಭಿಮಾನಿಗೆ ಇದು ಒಂದು ಸರಮಾಲೆಯ ರೇಟು.

ಈಗ ನಿಮ್ಮ ಪ್ರಶ್ನೆಯ ಎರಡನೇ ಭಾಗ, ಯಾಕೆ ಸಿಕ್ಕಿಹಾಕ್ಕೊಳಲ್ಲ. ರಿಸಲ್ಟ್ ಬಂದ 30 ದಿನದಲ್ಲಿ ಲೆಕ್ಕ ಕೊಡ್ಲಿಲ್ಲ ಅಂದ್ರೆ, ಅಥವಾ ಸರಿಯಾದ ರೀತಿಲಿ ಕೊಡ್ಲಿಲ್ಲ ಅಂದ್ರೆ ಆಯೋಗ ಮೂರು ವರ್ಷ ಅನರ್ಹ ಮಾಡಬಹುದು. ಹಂಗೆ ಹಾಲಿ ಶಾಸಕರೊಬ್ರು ಅನರ್ಹ ಆಗಿದ್ದು 2011ರಲ್ಲಿ, ಉತ್ತರ ಪ್ರದೇಶದ ಉಮ್ಲೇಶ್ ಯಾದವ್, ಕಾರಣ ಪೇಯ್ಡ್ ನ್ಯೂಸ್, ಅಂದ್ರೆ ದುಡ್ಡು ಕೊಟ್ಟು ಸುದ್ದಿ ಥರ ಹಾಕಿಸಿದ ಪ್ರಚಾರದ ಖರ್ಚು ಮುಚ್ಚಿಟ್ಟಿದ್ದು. 2017ರಲ್ಲಿ ಮಧ್ಯಪ್ರದೇಶದ ಮಂತ್ರಿ ನರೋತ್ತಮ್ ಮಿಶ್ರಾಗೂ ಇದೇ ಶಿಕ್ಷೆ ಕೊಟ್ರು, ಮುಂದಿನ ವರ್ಷ ದೆಹಲಿ ಹೈಕೋರ್ಟ್ ಅದನ್ನ ತಳ್ಳಿಹಾಕ್ತು. ತಮಾಷೆ ಅಂದ್ರೆ 2013ರಲ್ಲಿ ಮಹಾರಾಷ್ಟ್ರದ ಬಿಜೆಪಿ ನಾಯಕ ಗೋಪಿನಾಥ್ ಮುಂಡೆ ಮುಂಬೈಲಿ ಸ್ಟೇಜ್ ಮೇಲೆ ನಿಂತು, 2009ರ ಎಲೆಕ್ಷನ್‌ಗೆ ನಂಗೆ 8 ಕೋಟಿ ಖರ್ಚಾಯ್ತು ಅಂತ ಬಾಯಿಬಿಟ್ಟು ಹೇಳಿದ್ರು, ಆಗ ಲೋಕಸಭೆ ಮಿತಿ 25 ಲಕ್ಷ. ಆಯೋಗ ನೋಟಿಸ್ ಕೊಡ್ತು, ಅವ್ರು ಮುಂದಿನ ಎಲೆಕ್ಷನ್ನೂ ಗೆದ್ರು, ಕೇಂದ್ರ ಮಂತ್ರಿನೂ ಆದ್ರು.

ಇನ್ನೊಂದು ದಾರಿ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ, ರಿಸಲ್ಟ್ ಬಂದ 45 ದಿನದಲ್ಲಿ ಹಾಕ್ಬೇಕು. ಮಿತಿ ಮೀರಿ ಖರ್ಚು ಮಾಡೋದು ಕಾಯ್ದೆ ಪ್ರಕಾರ ಭ್ರಷ್ಟಾಚಾರ, ಗೆಲುವೇ ರದ್ದಾಗಬಹುದು. ಆದ್ರೆ ಹಾಕೋರು ಯಾರು? ಸೋತೋನು. ಅವನ ಲೆಕ್ಕಾನೂ ಇದೇ ಕಥೆ ಅಲ್ವಾ, ಗಾಜಿನ ಮನೇಲಿ ಕೂತು ಎದುರುಮನೆಗೆ ಯಾರಾದ್ರೂ ಕಲ್ಲು ಎಸೀತಾರಾ. ಎಸೆದ್ರೂ ಟೈಮು ನೋಡಿ. ತುಮಕೂರು ಗ್ರಾಮಾಂತರದ ಜೆಡಿಎಸ್ ಶಾಸಕ ಡಿ.ಸಿ. ಗೌರಿಶಂಕರ್ ಕೇಸು, ಇದು ಖರ್ಚಿನ ಮಿತಿದಲ್ಲ, ನಕಲಿ ವಿಮೆ ಬಾಂಡ್ ಹಂಚಿದ್ರು ಅನ್ನೋದು. 2018ರ ಗೆಲುವನ್ನ ಹೈಕೋರ್ಟ್ ಅಸಿಂಧು ಅಂದಿದ್ದು 2023ರ ಮಾರ್ಚ್ 30ಕ್ಕೆ, ಅಂದ್ರೆ ಮುಂದಿನ ಎಲೆಕ್ಷನ್ ಡೇಟ್ ಅನೌನ್ಸ್ ಆದ ಮಾರನೇ ದಿನ. ಐದು ವರ್ಷ ಪೂರ್ತಿ ಶಾಸಕರಾಗಿದ್ದು ಆಗಿತ್ತು, ಸುಪ್ರೀಂ ಕೋರ್ಟಿಂದ ತಡೆ ತಂದು ಮತ್ತೆ ನಿಂತ್ರು ಕೂಡ, ಸೋಲಿಸಿದ್ದು ಜನ. ಇಂಥ ಅರ್ಜಿನ ಆರು ತಿಂಗಳಲ್ಲಿ ಮುಗಿಸೋಕೆ ಪ್ರಯತ್ನ ಮಾಡ್ಬೇಕು ಅಂತ ಕಾಯ್ದೆಲೇ ಬರೆದಿದೆ.

ಇದೆಲ್ಲ ದುಡ್ಡು ಹೋಗೋ ದಾರಿ ಆಯ್ತು, ಬರೋ ದಾರಿ ಇನ್ನೂ ದೊಡ್ಡ ತಲೆನೋವು. 2018ರಲ್ಲಿ ಶುರುವಾದ, ಪಕ್ಷಗಳಿಗೆ ದೇಣಿಗೆ ಕೊಡೋ ಚುನಾವಣಾ ಬಾಂಡಲ್ಲಿ ಯಾರು ಯಾರಿಗೆ ಕೊಟ್ರು ಅನ್ನೋದೇ ಗುಟ್ಟು, ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ಕ್ಕೆ ಅದನ್ನ ರದ್ದು ಮಾಡ್ತು, ಆಮೇಲೆ ಹೊರಬಂದ ಲಿಸ್ಟಲ್ಲಿ ಅತಿ ಹೆಚ್ಚು ಪಾಲು ಬಿಜೆಪಿದು, 2019ರ ಏಪ್ರಿಲ್‌ನಿಂದ ಲೆಕ್ಕ ಹಿಡಿದ್ರೆ 6 ಸಾವಿರ ಕೋಟಿ ಮೇಲೆ. ಇಲ್ಲಿ ನಮ್ ಮನೆ ಕಥೆ ನೋಡಿದ್ರೆ ವಾಲ್ಮೀಕಿ ನಿಗಮ. 2024ರ ಮೇನಲ್ಲಿ ನಿಗಮದ ಅಧಿಕಾರಿಯೊಬ್ರು ಡೆತ್‌ನೋಟ್ ಬರೆದಿಟ್ಟು ಪ್ರಾಣ ಕಳ್ಕೊಂಡ ಮೇಲೇ ಪರಿಶಿಷ್ಟ ಪಂಗಡದವರ ಹೆಸರಿನ ದುಡ್ಡು ಎಲ್ಲೆಲ್ಲಿಗೋ ವರ್ಗಾವಣೆ ಆಗಿದ್ದು ಹೊರಗೆ ಬಂತು. ಮಂತ್ರಿ ಬಿ. ನಾಗೇಂದ್ರ ರಾಜೀನಾಮೆ ಕೊಟ್ರು, ಇಡಿ ಅವರನ್ನ ಅರೆಸ್ಟ್ ಮಾಡ್ತು, ಅದರಲ್ಲಿ 20 ಕೋಟಿಯಷ್ಟು ದುಡ್ಡು ಬಳ್ಳಾರಿ ಲೋಕಸಭೆ ಎಲೆಕ್ಷನ್‌ಗೆ ಮತ್ತು ನಾಗೇಂದ್ರ ಅವರ ಸ್ವಂತ ಖರ್ಚಿಗೆ ಬಳಕೆ ಆಗಿದೆ ಅನ್ನೋದು ಇಡಿ ಆರೋಪ, 2025ರ ಜೂನ್‌ನಲ್ಲಿ ಬಳ್ಳಾರಿ ಸಂಸದ ಇ. ತುಕಾರಾಂ ಮನೆ ಮೇಲೂ ರೇಡ್ ಆಯ್ತು. ಕಾಂಗ್ರೆಸ್‌ನವರು ಇದು ರಾಜಕೀಯ ಸೇಡು ಅಂತಾರೆ, ಆರೋಪ ಅನ್ನೋದು ತೀರ್ಪಲ್ಲ ಅನ್ನೋದನ್ನ ನಾವೂ ನೆನಪಿಟ್ಕೋಬೇಕು. ಆದ್ರೆ ಪಕ್ಕದಲ್ಲಿ ಆ 95 ಲಕ್ಷದ ಮಿತಿ ಇಟ್ಟು ಈ ನಂಬರ್ ಒಂದ್ಸಲ ಓದಿ.

ಅಂದಹಾಗೆ ವಿಧಾನ ಪರಿಷತ್ ಎಲೆಕ್ಷನ್‌ಗೆ ಮಿತಿ ಎಷ್ಟು ಅಂತ ಯಾರೂ ಕೇಳಲ್ಲ. ಮಿತಿನೇ ಇಲ್ಲ. ಅದ್ರಲ್ಲೂ ಗ್ರಾಮ ಪಂಚಾಯ್ತಿ ಮೆಂಬರ್‌ಗಳು ಓಟು ಹಾಕೋ ಸ್ಥಳೀಯ ಸಂಸ್ಥೆ ಕ್ಷೇತ್ರಗಳ ಎಲೆಕ್ಷನ್ ಬಂದಾಗ ಊರಲ್ಲಿ ಮೆಂಬರ್‌ಗಳು ಯಾಕೆ ಅಷ್ಟು ಖುಷಿಯಾಗಿ ಓಡಾಡ್ತಾರೆ ಅನ್ನೋದು ನಿಮ್ಗೆ ಬಿಟ್ಟಿದ್ದು.

ನಿಮ್ ಶಾಸಕರು ಏನಂತ ಲೆಕ್ಕ ಬರೆದಿದ್ದಾರೆ ನೋಡೋಕೆ ಆರ್‌ಟಿಐ ಕೂಡ ಬೇಕಿಲ್ಲ, ಜಿಲ್ಲಾ ಚುನಾವಣಾಧಿಕಾರಿ ಆಫೀಸಲ್ಲಿ ಒಂದು ರೂಪಾಯಿ ಫೀಸ್ ಕಟ್ಟಿದ್ರೆ ಯಾರು ಬೇಕಾದ್ರೂ ನೋಡಬಹುದು ಅಂತ 1961ರ ಚುನಾವಣಾ ನಿಯಮದಲ್ಲೇ ಇದೆ. ನಾನೂ ಒಂದ್ಸಲ ಹೋಗಿ ನಮ್ ಕ್ಷೇತ್ರದ್ದು ತೆಗೆಸಿ ನೋಡಿದ್ದೆ, ಹಾಳೆ ತಿರುವಿ ಹಾಕ್ತಾ ನಾನೇ ಹೋಗಿ ನಿಂತಿದ್ದ ಆ ರೋಡ್‌ಶೋ ತಾರೀಖು ಹುಡುಕಿದೆ. ಆವತ್ತು ಸರ್ಕಲ್ಲಲ್ಲಿ ಕ್ರೇನಿಗೆ ಸೇಬಿನ ಹಾರ ನೇತು ಹಾಕಿದ್ರು, ಹಾರ ಹಾಕಿ ಮುಗಿಯೋದ್ರೊಳಗೆ ಜನ ಸೇಬು ಕಿತ್ಕೊಂಡು ಹೋಗಿದ್ರು, ನಂಗೂ ಎರಡು ಸಿಕ್ಕಿತ್ತು. ಲೆಕ್ಕದಲ್ಲಿ ಬರೆದಿದ್ದು, ಹೂವಿನ ಹಾರ, ಎರಡು.