‘ಕೇಸ್ ಇದೆ’ ಅಂದ್ರೆ ಏನು ಸಾರ್?

ಪೀಣ್ಯದಲ್ಲಿ ಶೆಡ್ ಇಟ್ಟುಕೊಂಡಿರುವ ಮಾಲೀಕರೊಬ್ಬರು ಒಂದು ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿದರು. ಆ ಹೊತ್ತಿನಲ್ಲಿ ಅವರು ಫೋನ್ ಮಾಡಿದರೆ ಎರಡೇ ಕಾರಣ. ಪಿಎಫ್‌ನವರು ನೋಟಿಸ್ ಕೊಟ್ಟಿರಬೇಕು, ಇಲ್ಲಾ ಯಾರೋ ಮಷೀನಿಗೆ ಕೈ ಕೊಟ್ಟಿರಬೇಕು. ಅವತ್ತು ಎರಡೂ ಅಲ್ಲ.

"ಸಾರ್, ಒಬ್ಬ ಸಿಎನ್‌ಸಿ ಆಪರೇಟರ್ ಸಿಕ್ಕಿದ್ದಾನೆ. ಕೆಲಸ ಚೆನ್ನಾಗಿದೆ. ಆದ್ರೆ ಕೇಸ್ ಇದೆಯಂತೆ, ಜೈಲಿಗೂ ಹೋಗಿ ಬಂದಿದ್ದಾನಂತೆ. ಬೇಡ ಅಲ್ವಾ?"

"ಏನ್ ಕೇಸು?"

"ಅದು ಕೇಳಿಲ್ಲ."

"ಶಿಕ್ಷೆ ಆಗಿದೆಯಾ?"

"ಜೈಲಿಗೆ ಹೋಗಿದ್ದೆ ಅಂದ್ನಲ್ಲ ಸಾರ್!"

ಇಪ್ಪತ್ತೆರಡು ವರ್ಷದಿಂದ ಸಣ್ಣ ಕಾರ್ಖಾನೆಗಳ ಲೇಬರ್ ಕೇಸು ನೋಡುತ್ತಾ ಬಂದಿದ್ದೇನೆ. ಈ ಮಾತುಕತೆ ನನಗೆ ಬಾಯಿಪಾಠ. ಕೇಳುವವರು ಓದದವರೇನಲ್ಲ. ಜಿಎಸ್‌ಟಿಯಲ್ಲಿ ನೂರು ರೂಪಾಯಿ ವ್ಯತ್ಯಾಸ ಬಂದರೆ ಆಡಿಟರ್ ನಿದ್ದೆ ಕೆಡಿಸುವ ಜನ. ಅದೇ ಜನ ‘ಕೇಸ್ ಇದೆ’ ಅನ್ನುವ ಎರಡು ಪದ ಕಿವಿಗೆ ಬಿದ್ದ ತಕ್ಷಣ, ಯಾವ ಕೇಸು, ಎಲ್ಲಿಗೆ ಬಂದಿದೆ, ಮುಗಿದಿದೆಯಾ ಅಂತ ಒಂದು ಪ್ರಶ್ನೆಯನ್ನೂ ಕೇಳದೆ ಬಾಗಿಲು ಹಾಕಿಬಿಡುತ್ತಾರೆ. ಅದಕ್ಕೆ ಇವತ್ತು ಇದೊಂದನ್ನೇ ಬಿಡಿಸಿ ಹೇಳುತ್ತೇನೆ. ಬೇಜಾರಾದರೂ ಓದಿ.

ಯಾರ ಮೇಲೆ ಯಾರು ಬೇಕಾದರೂ ದೂರು ಕೊಡಬಹುದು. ಪೊಲೀಸರು ತಾವಾಗಿಯೇ ತನಿಖೆ ಮಾಡಬಹುದಾದ ಅಪರಾಧ ಅದರಲ್ಲಿ ಕಂಡರೆ ಎಫ್‌ಐಆರ್ ಆಗುತ್ತದೆ. ಎಫ್‌ಐಆರ್ ಅಂದ್ರೆ ತನಿಖೆ ಶುರುವಾಯಿತು ಅಂತ, ಅಷ್ಟೆ. ಅದರಲ್ಲಿರುವುದು ಹೆಚ್ಚಿನ ಸಲ ದೂರು ಕೊಟ್ಟವನ ಮಾತು. ತನಿಖೆ ಮಾಡಿ ಏನೂ ಸಿಗದಿದ್ದರೆ ಪೊಲೀಸರೇ ‘ಬಿ ರಿಪೋರ್ಟ್’, ಅಂದರೆ ಕೇಸು ಮುಗಿಸಿ ಅನ್ನುವ ವರದಿ, ಹಾಕುತ್ತಾರೆ. ಸಿಕ್ಕರೆ ಚಾರ್ಜ್‌ಶೀಟ್. ಗಮನಿಸಿ, ಚಾರ್ಜ್‌ಶೀಟ್ ಕೂಡ ಪೊಲೀಸರ ಮಾತೇ, ಜಡ್ಜ್ ಮಾತಲ್ಲ. ಆಮೇಲೆ ಸಾಕ್ಷಿ, ಪಾಟಿ ಸವಾಲು, ವರ್ಷಗಟ್ಟಲೆ ಡೇಟು. ಕೊನೆಗೆ ಖುಲಾಸೆ, ಇಲ್ಲಾ ಶಿಕ್ಷೆ. ಶಿಕ್ಷೆಯಾದರೆ ಮಾತ್ರ ಅಪರಾಧಿ. ಅಲ್ಲಿವರೆಗೂ ಆರೋಪಿ. ಟಿವಿಯವರು ಎರಡನ್ನೂ ಕಲಸಿ ಒಂದು ಮಾಡಿದ್ದಾರೆ, ನೀವು ಮಾಡಬೇಡಿ. ರೌಡಿ ಶೀಟ್ ಕೂಡ ಅಷ್ಟೇ, ಅದು ಠಾಣೆಯವರು ನಿಗಾ ಇಡೋಕೆ ತೆರೆಯುವ ಕಡತ, ಕೋರ್ಟಿನ ತೀರ್ಪಲ್ಲ. ಹಗುರವಾಗಿ ತಗೊಳ್ಳಿ ಅಂತ ಹೇಳುತ್ತಿಲ್ಲ. ಏನು ಅಂತ ಕೇಳಿ ತಿಳಿದುಕೊಳ್ಳಿ ಅಂತಿದ್ದೇನೆ.

"ಹಂಗಾದ್ರೆ ಸುಮ್ ಸುಮ್ನೆ ಜೈಲಿಗೆ ಹಾಕ್ತಾರಾ ಸಾರ್?" ಇದು ಮುಂದಿನ ಪ್ರಶ್ನೆ, ಪ್ರತಿ ಸಲವೂ.

ಸುಮ್ನೆ ಅಂತಲ್ಲ, ಆದರೆ ನೀವು ಅಂದುಕೊಂಡ ಹಾಗೂ ಅಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ಸರ್ಕಾರದ್ದೇ ಲೆಕ್ಕ ಇದು. ಅಂದರೆ ಒಳಗಿರುವ ನಾಲ್ವರಲ್ಲಿ ಮೂವರ ಕೇಸಿನಲ್ಲಿ ಇನ್ನೂ ತೀರ್ಪೇ ಬಂದಿಲ್ಲ. ಜಾಮೀನು ಸಿಕ್ಕರೂ, ಪಹಣಿ ಹಿಡಿದು ಬಂದು ಶ್ಯೂರಿಟಿ ನಿಲ್ಲುವವರು ಯಾರೂ ಇಲ್ಲದೆ ಒಳಗೇ ಉಳಿದವರನ್ನು ನಾನೇ ನೋಡಿದ್ದೇನೆ. ಅಂಥವನು ಒಂದು ವರ್ಷ ಪರಪ್ಪನ ಅಗ್ರಹಾರದಲ್ಲಿದ್ದು, ಆಮೇಲೆ ಖುಲಾಸೆಯಾಗಿ ಬಂದರೆ, ಅವನು ‘ಜೈಲಿಗೆ ಹೋಗಿ ಬಂದವನು’ ಹೌದು. ಅಪರಾಧಿ ಅಲ್ಲ. ಈ ಒಂದು ವಾಕ್ಯ ನಿಮ್ಮ ಆಫೀಸಿನ ಗೋಡೆಗೆ ಅಂಟಿಸಿಕೊಂಡರೆ ನನ್ನ ಅರ್ಧ ಫೋನ್ ಕಡಿಮೆಯಾಗುತ್ತದೆ.

ಇನ್ನು ಬ್ಯಾಕ್‌ಗ್ರೌಂಡ್ ಚೆಕ್ ಅನ್ನುವ ಹೊಸ ಜಾತ್ರೆ. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿಸಿ ಪೊಲೀಸ್ ವೆರಿಫಿಕೇಶನ್ ತರಿಸಿಕೊಳ್ಳುವುದು ಒಂದು ಕ್ರಮ. ಅದಕ್ಕೆ ಕಾಯುವ ವ್ಯವಧಾನ ಇಲ್ಲದವರು ಖಾಸಗಿ ಏಜೆನ್ಸಿಗೆ ದುಡ್ಡು ಕೊಡುತ್ತಾರೆ. ಅವರಲ್ಲಿ ಕೆಲವರು ಕೋರ್ಟಿನ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಿ, ಸಿಕ್ಕಿದ್ದಕ್ಕೆ ಕೆಂಪು ಬಣ್ಣ ಬಳಿದು ಕಳಿಸುತ್ತಾರೆ. ಒಬ್ಬರು ಗಾಬರಿಯಾಗಿ ಓಡಿ ಬಂದರು, "ಸಾರ್, ರೆಡ್ ಬಂದಿದೆ!" ಅಂತ. ಹುಡುಗನ ಹೆಸರು ಮಂಜುನಾಥ, ತಂದೆ ಹೆಸರು ಕೃಷ್ಣಪ್ಪ. ಬೆಂಗಳೂರಲ್ಲಿ ಒಂದು ಬಿಎಂಟಿಸಿ ಬಸ್ಸಿನಲ್ಲಿ ನಿಂತು "ಮಂಜಾ" ಅಂತ ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಕೇಸ್ ನಂಬರ್ ಹಿಡಿದು ನೋಡಿದರೆ ಅದು ಕೋಲಾರ ಕಡೆಯ ಚೆಕ್ ಬೌನ್ಸ್ ಕೇಸು, ಆ ಮಂಜುನಾಥನಿಗೆ ಐವತ್ತೆರಡು ವರ್ಷ. ನಮ್ಮ ಹುಡುಗನಿಗೆ ಇಪ್ಪತ್ತಮೂರು. ಚೆಕ್ ಬುಕ್ಕನ್ನೇ ನೋಡಿಲ್ಲ ಪಾಪ.

ಇದಕ್ಕಿಂತ ದೊಡ್ಡ ತಮಾಷೆ ಇನ್ನೊಂದಿದೆ. ಕೆಲಸದ ಅರ್ಜಿಯಲ್ಲಿ ‘ನನಗೆ ಯಾವತ್ತೂ ಯಾವ ಅಪರಾಧಕ್ಕೂ ಶಿಕ್ಷೆಯಾಗಿಲ್ಲ’ ಅಂತ ಬರೆಸಿಕೊಳ್ಳುವ ಚಾಳಿ. ಎಲ್ಲಿಂದಲೋ ನಕಲು ಹೊಡೆದ ವಾಕ್ಯ. ಒಬ್ಬ ಮಾಲೀಕರಿಗೆ ಕೇಳಿದೆ, "ಸಾರ್, ಎರಡು ವರ್ಷದ ಹಿಂದೆ ಶುಕ್ರವಾರ ರಾತ್ರಿ ಕುಡಿದು ಗಾಡಿ ಓಡಿಸಿ ಸಿಕ್ಕಿಹಾಕಿಕೊಂಡಿದ್ದಿರಲ್ಲ, ಏನು ಮಾಡಿದಿರಿ?" "ಕೋರ್ಟಿಗೆ ಹೋಗಿ ತಪ್ಪಾಯ್ತು ಅಂತ ಹೇಳಿ ಹತ್ತು ಸಾವಿರ ಕಟ್ಟಿ ಬಂದೆ." ಹಾಗಿದ್ದರೆ ನಿಮ್ಮ ಫಾರಂ ಪ್ರಕಾರ ನಿಮಗೇ ಕೆಲಸ ಇಲ್ಲ ಅಂದೆ. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಕಾನೂನಿನ ಲೆಕ್ಕದಲ್ಲಿ ಅದೂ ಶಿಕ್ಷೆಯೇ. ಹೊಸತೊಡಕಿನ ದಿನ ಅರಳಿಕಟ್ಟೆ ಮೇಲೆ ಅಂದರ್ ಬಾಹರ್ ಆಡಿ, ಪೊಲೀಸ್ ಕಾಯ್ದೆಯ 87ನೇ ಕಲಂನಲ್ಲಿ ಸಿಕ್ಕಿ, ಮುನ್ನೂರು ರೂಪಾಯಿ ಕಟ್ಟಿ ಬಂದ ಹುಡುಗ ಆ ಫಾರಂ ಪ್ರಕಾರ ಅಪರಾಧಿ. ಕೊಲೆ ಕೇಸಿನಲ್ಲಿ ವಿಚಾರಣೆ ನಡೆಯುತ್ತಿರುವವನು ಧೈರ್ಯವಾಗಿ ‘ಇಲ್ಲ’ ಅಂತ ಬರೆಯಬಹುದು, ಸುಳ್ಳೂ ಆಗುವುದಿಲ್ಲ. ಏನು ತಿಳಿದುಕೊಳ್ಳೋಕೆ ಹೊರಟಿದ್ದಿರಿ ನೀವು?

ಸರಿ, ನಿಜವಾಗಿಯೂ ಶಿಕ್ಷೆಯಾಗಿ, ಅವಧಿ ಮುಗಿಸಿ ಬಂದವರ ವಿಷಯ. ಇಲ್ಲಿ ಸ್ವಲ್ಪ ಹುಷಾರಾಗಿ ಮಾತಾಡುತ್ತೇನೆ, ಯಾಕಂದ್ರೆ ನನ್ನ ಮಾತು ಕೇಳಿ ಯಾರಿಗೋ ಏನೋ ಆದರೆ ಅಂತ ನನಗೂ ಇದೆ. ಕೆಲವು ಕೆಲಸಕ್ಕೆ ಕಾನೂನೇ ಬೇಡ ಅನ್ನುತ್ತದೆ. ಸೆಕ್ಯುರಿಟಿ ಏಜೆನ್ಸಿಯವರು ಕೋರ್ಟಿನಲ್ಲಿ ಶಿಕ್ಷೆಯಾದವರನ್ನು ಗಾರ್ಡ್ ಆಗಿ ಇಟ್ಟುಕೊಳ್ಳುವ ಹಾಗಿಲ್ಲ, 2005ರ ಕಾಯ್ದೆ ಹಾಗೆ ಹೇಳುತ್ತದೆ. ಮಕ್ಕಳ ಮೇಲೆ ಕೈ ಮಾಡಿ ಶಿಕ್ಷೆಯಾದವನನ್ನು ಶಾಲೆ ವ್ಯಾನಿಗೆ ಹಾಕಿ ಅಂತ ನಾನಂತೂ ಯಾವತ್ತೂ ಹೇಳಲ್ಲ. ಆದರೆ ಊರಲ್ಲಿ ಬದುವಿನ ಜಗಳದಲ್ಲಿ ಗುದ್ದಲಿ ಎತ್ತಿದವನು ನಿಮ್ಮ ಲೇತ್ ಮಷೀನಿಗೆ ಏನು ಅಪಾಯ ಮಾಡುತ್ತಾನೆ? ಅಲ್ಲಿ ಬದು ಇಲ್ಲ, ಅಣ್ಣತಮ್ಮಂದಿರೂ ಇಲ್ಲ. ಮಾಡಿದ ತಪ್ಪಿಗೂ ನೀವು ಕೊಡುವ ಕೆಲಸಕ್ಕೂ ಏನಾದರೂ ಸಂಬಂಧ ಇದೆಯಾ, ಎಷ್ಟು ವರ್ಷ ಆಯಿತು, ಆಮೇಲೆ ಹೇಗಿದ್ದಾನೆ. ನಾನು ಕೇಳುವುದು ಇಷ್ಟೇ.

ಬೊಮ್ಮಸಂದ್ರದ ಕಡೆ ಒಂದು ಫರ್ನಿಚರ್ ಯುನಿಟ್ ಇದೆ, ನಡೆಸುವವರು ಒಬ್ಬ ಹೆಣ್ಣುಮಗಳು. ಜೈಲಿನಲ್ಲೇ ಮರಗೆಲಸ ಕಲಿತು ಬಂದ ಒಬ್ಬರನ್ನು ಒಂಬತ್ತು ವರ್ಷದಿಂದ ಇಟ್ಟುಕೊಂಡಿದ್ದಾರೆ. ಏನಮ್ಮಾ ಹೇಗಿದ್ದಾರೆ ಅಂತ ಕೇಳಿದರೆ, "ಸೋಮವಾರ ತಪ್ಪದೆ ಬರೋರು ಇವರೊಬ್ರೇ ಸಾರ್" ಅಂದರು. ಸಂಬಳ ಆದ ಮಾರನೇ ಸೋಮವಾರ ಶೆಡ್ ಖಾಲಿ ಹೊಡೆಯುವುದನ್ನು ನೋಡಿದವರಿಗೆ ಈ ಮಾತಿನ ತೂಕ ಗೊತ್ತು. ಒಬ್ಬರ ಕತೆ ಹೇಳಿ ಎಲ್ಲರೂ ಹೀಗೇ ಅನ್ನಲಾರೆ. ನನ್ನ ಇನ್ನೊಬ್ಬ ಕಕ್ಷಿದಾರರು ಇಟ್ಟುಕೊಂಡವನು ಮೂರೇ ತಿಂಗಳಲ್ಲಿ ಅಡ್ವಾನ್ಸ್ ತಗೊಂಡು ನಾಪತ್ತೆಯಾದ. ಆದರೆ ಅಡ್ವಾನ್ಸ್ ತಗೊಂಡು ನಾಪತ್ತೆಯಾಗೋಕೆ ಜೈಲಿಗೆ ಹೋಗಿ ಬಂದಿರಲೇಬೇಕು ಅಂತೇನಿಲ್ಲ, ಪೀಣ್ಯದಲ್ಲಿ ಯಾರನ್ನಾದರೂ ಕೇಳಿ.

ದುಡ್ಡು ಮುಟ್ಟುವ ಕೆಲಸ ಮಾತ್ರ ಬೇಡ ಅನ್ನುತ್ತಾರೆ ಕೆಲವರು. ಅದು ಅರ್ಥವಾಗುತ್ತದೆ. ಆದರೆ ಹೈದರಾಬಾದಿನಲ್ಲಿ ಚಂಚಲಗುಡ ಜೈಲಿನವರು ಪೆಟ್ರೋಲ್ ಬಂಕನ್ನೇ ನಡೆಸಿದ್ದಾರೆ, ಕೈದಿಗಳೇ ಪೆಟ್ರೋಲ್ ಹಾಕಿ ದುಡ್ಡು ಎಣಿಸಿಕೊಳ್ಳುತ್ತಾರೆ. 1985ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಒಂದು ಕೇಸು ನನಗೆ ಬಹಳ ಇಷ್ಟ. ದೆಹಲಿಯ ಸರ್ಕಾರಿ ಹಾಲಿನ ಸಂಸ್ಥೆಯಲ್ಲಿ ಶಂಕರ್ ದಾಸ್ ಅನ್ನುವ ಕ್ಯಾಷ್ ಕ್ಲರ್ಕ್ 500 ರೂಪಾಯಿ ಜಮಾ ಮಾಡಲಿಲ್ಲ, ಆಮೇಲೆ ಕಟ್ಟಿದ, ತಪ್ಪೊಪ್ಪಿಕೊಂಡ. ಮನೆಯ ಕಷ್ಟ ನೋಡಿ ಮ್ಯಾಜಿಸ್ಟ್ರೇಟರು ಪ್ರೊಬೇಷನ್ ಮೇಲೆ, ಅಂದರೆ ಜೈಲಿಗೆ ಹಾಕದೆ ಒಳ್ಳೆಯ ನಡತೆಯ ಮುಚ್ಚಳಿಕೆ ಮೇಲೆ, ಬಿಟ್ಟರು. ಸರ್ಕಾರ ಬಿಡಲಿಲ್ಲ, ಕೆಲಸದಿಂದ ಕಿತ್ತುಹಾಕಿತು. ಸುಪ್ರೀಂ ಕೋರ್ಟು ಅವನನ್ನು ಹಿಂದಿನ ಸಂಬಳದ ಸಮೇತ ವಾಪಸ್ ತಗೊಳ್ಳಿ ಅಂದಿತು. ಅದು ಸರ್ಕಾರಿ ನೌಕರಿ. ಖಾಸಗಿಯವರು ಯಾರನ್ನು ಕೆಲಸಕ್ಕೆ ತಗೋಬೇಕು ಅನ್ನುವುದಕ್ಕೆ ಹಾಗೆ ನೇರವಾಗಿ ಅನ್ವಯಿಸಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ 1974ರಲ್ಲೇ ಕಾನೂನು ಮಾಡಿ, ಇಂತಿಷ್ಟು ವರ್ಷ ಸುಮ್ಮನಿದ್ದರೆ ಹಳೆಯ ಎಷ್ಟೋ ಶಿಕ್ಷೆಗಳನ್ನು ಹೇಳಬೇಕಾಗಿಯೇ ಇಲ್ಲ ಅಂದುಬಿಟ್ಟರು. ನಮ್ಮಲ್ಲಿ ದೊಡ್ಡವರಿಗೆ ಅಂಥದ್ದಿಲ್ಲ. ಹದಿನೆಂಟರೊಳಗೆ ತಪ್ಪು ಮಾಡಿ ಬಾಲ ನ್ಯಾಯದ ಕಾಯ್ದೆಯಲ್ಲಿ ಮುಗಿದ ಕೇಸಾದರೆ ಬೇರೆ. ಬಹುಪಾಲು ಅಂಥ ಮಕ್ಕಳಿಗೆ ಆ ಹಳೆಯ ವಿಷಯದಿಂದ ಯಾವ ಅನರ್ಹತೆಯೂ ಬರಬಾರದು ಅಂತ 24ನೇ ಕಲಂ ಹೇಳುತ್ತದೆ. ಅದನ್ನು ಕೆದಕಬೇಡಿ.

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ನಿಜ ಹೇಳಿದವನನ್ನು ಹೊರಗೆ ಕಳಿಸುತ್ತೀರಿ. ಅವನು ಪಕ್ಕದ ಶೆಡ್ಡಿಗೆ ಹೋಗಿ ಸುಳ್ಳು ಹೇಳಿ ಸೇರಿಕೊಳ್ಳುತ್ತಾನೆ. ಆರು ವರ್ಷ ಚೆನ್ನಾಗಿ ದುಡಿಯುತ್ತಾನೆ. ಒಂದು ದಿನ ದೊಡ್ಡ ಕಂಪನಿಯ ಆರ್ಡರ್ ಬರುತ್ತದೆ, ವೆಂಡರ್ ಅಗ್ರಿಮೆಂಟಿನಲ್ಲಿ ಎಲ್ಲರದೂ ವೆರಿಫಿಕೇಶನ್ ಕೊಡಿ ಅಂತಾರೆ, ವಿಷಯ ಹೊರಬೀಳುತ್ತದೆ. ಮಾಲೀಕರು ವಾಟ್ಸಾಪಿನಲ್ಲಿ ‘ನಾಳೆಯಿಂದ ಬರಬೇಡ’ ಅಂತ ಒಂದು ಮೆಸೇಜು ಹಾಕಿ, ಮೂರು ತಿಂಗಳಾದ ಮೇಲೆ ಲೇಬರ್ ಆಫೀಸಿನ ನೋಟಿಸ್ ಹಿಡಿದು ನನ್ನ ಹತ್ತಿರ ಬರುತ್ತಾರೆ. ಮೊದಲೇ ಕೇಳಬಾರದಾ? ವಿಚಾರಣೆ ಇಲ್ಲ, ನೋಟಿಸ್ ಇಲ್ಲ, ಕಾರಣ ಬರೆದಿಲ್ಲ. ಅಂಥ ಒಂದು ಕೇಸಿನಲ್ಲಿ ನಾವು ಕೊಟ್ಟ ದುಡ್ಡಿನಲ್ಲಿ ಒಂದು ಒಳ್ಳೆಯ ಸೆಕೆಂಡ್ ಹ್ಯಾಂಡ್ ಡ್ರಿಲ್ಲಿಂಗ್ ಮಷೀನ್ ಬರುತ್ತಿತ್ತು. ಮುಚ್ಚಿಟ್ಟವನನ್ನೂ ಕುರುಡಾಗಿ ತೆಗೆಯುವ ಹಾಗಿಲ್ಲ, ಮುಚ್ಚಿಟ್ಟಿದ್ದು ಎಷ್ಟು ದೊಡ್ಡದು ಅಂತ ನೋಡಬೇಕು ಅಂತ 2016ರ ಅವತಾರ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟು ವಿವರವಾಗಿ ಹೇಳಿದೆ. ಅದೂ ಸರ್ಕಾರಿ ನೌಕರಿಯ ಕೇಸೇ, ಆದರೆ ವಾದ ಮಾಡುವಾಗ ಎದುರಿನ ವಕೀಲರು ಅದನ್ನು ತಂದೇ ತರುತ್ತಾರೆ.

ಫಾರಂನಲ್ಲಿ ಕೇಳಲೇಬೇಕು ಅಂದರೆ ಸರಿಯಾಗಿ ಕೇಳಿ. ‘ನಿಮ್ಮ ಮೇಲೆ ಈಗ ಕೋರ್ಟಿನಲ್ಲಿ ಕೇಸು ನಡೆಯುತ್ತಿದೆಯಾ, ಯಾವ ಕೋರ್ಟು, ಕೇಸ್ ನಂಬರ್ ಏನು. ಶಿಕ್ಷೆಯಾಗಿದ್ದರೆ ಯಾವ ಕಲಂ, ಯಾವ ವರ್ಷ.’ ಕೆಳಗೆ ‘ಹೌದು ಅಂದ ಮಾತ್ರಕ್ಕೆ ಕೆಲಸ ಇಲ್ಲ ಅಂತಲ್ಲ’ ಅಂತ ಒಂದು ಸಾಲು ಕನ್ನಡದಲ್ಲಿ ಬರೆಸಿ. ಉತ್ತರವನ್ನು ಫೈಲಿನಲ್ಲಿಡಿ, ಸೂಪರ್‌ವೈಸರ್ ಬಾಯಿಗೆ ಹಾಕಬೇಡಿ, ಮಧ್ಯಾಹ್ನದ ಊಟದ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿರುತ್ತದೆ.

ಮೊದಲು ಹೇಳಿದ ಪೀಣ್ಯದ ಮಾಲೀಕರು ಮಾರನೇ ದಿನ ಆ ಆಪರೇಟರನ್ನು ಕೂರಿಸಿಕೊಂಡು ಕೇಳಿದರಂತೆ. ಮಾಗಡಿ ಕಡೆಯ ಜಮೀನಿನ ಗಲಾಟೆ. ಅಪ್ಪ, ಚಿಕ್ಕಪ್ಪ, ಇವನು, ಎಲ್ಲರ ಹೆಸರೂ ಎಫ್‌ಐಆರಿನಲ್ಲಿ. ಎರಡು ತಿಂಗಳು ಒಳಗಿದ್ದು ಜಾಮೀನಿನಲ್ಲಿ ಹೊರಗಿದ್ದಾನೆ, ಕೇಸು ಇನ್ನೂ ನಡೆಯುತ್ತಿದೆ. ಏನಾಗುತ್ತದೋ ನನಗೆ ಗೊತ್ತಿಲ್ಲ, ಶಿಕ್ಷೆಯೂ ಆಗಬಹುದು, ಹಾಗಂತ ಅವರಿಗೂ ಹೇಳಿದೆ. ಸೇರಿಸಿಕೊಂಡರು.

ಮೊನ್ನೆ ಮತ್ತೆ ಫೋನು, ಈ ಸಲವೂ ರಾತ್ರಿ ಒಂಬತ್ತೂವರೆ. "ಸಾರ್, ಅವನಿಗೆ ಗುರುವಾರ ಕೋರ್ಟಲ್ಲಿ ಡೇಟಂತೆ. ಸಿಎಲ್ ಹಾಕ್ಲಾ, ಲಾಸ್ ಆಫ್ ಪೇ ಹಾಕ್ಲಾ?"

ಸಿಎಲ್ ಇದ್ದರೆ ಸಿಎಲ್ ಹಾಕಿ ಸಾರ್, ಇದಕ್ಕೂ ನನ್ನ ಕೇಳ್ಬೇಕಾ ಅಂದೆ.