ಬೀಪ್‌ಗೆ ಮುಂಚಿನ ಒಂದು ನೋಟ: ಚೇಂಬರಿನಲ್ಲಿ ಗುಂಡಿದೆಯೇ?

ಓಡಾಡುತ್ತ ಗುರಿಗಳಿಗೆ ಹೊಡೆಯುವ ಪ್ರಾಕ್ಟಿಕಲ್ ಪಿಸ್ತೂಲು ಸ್ಪರ್ಧೆಗಳಲ್ಲಿ ರೇಂಜ್ ಆಫೀಸರ್ (ಪಕ್ಕದಲ್ಲಿ ನಿಂತು ಅಪ್ಪಣೆ ಕೊಡುವ ಅಧಿಕಾರಿ) ಆಗಿ ಕೆಲಸ ಮಾಡುವವರಿಗೆ ಮನಸ್ಸಿಗೆ ಕಷ್ಟವಾಗುವ ಒಂದು ನಿಯಮವಿದೆ. ನನ್ನಿಂದ ಒಂದು ಮಾರು ದೂರದಲ್ಲಿ ನಿಂತ ಸ್ಪರ್ಧಿ ಪಿಸ್ತೂಲಿಗೆ ಮ್ಯಾಗಜೀನ್ (ತೋಟಾಗಳ ಡಬ್ಬಿ) ಹಾಕಿ, ಸ್ಲೈಡ್ (ಎಳೆದು ಬಿಟ್ಟರೆ ತೋಟಾವನ್ನು ನಳಿಗೆಗೆ ಏರಿಸುವ ಮೇಲ್ಭಾಗ) ಎಳೆಯುವುದನ್ನು ಮರೆತು, ಹಾಗೆಯೇ ಹೋಲ್‌ಸ್ಟರಿಗೆ ಸೇರಿಸಿದ್ದನ್ನು ಕಣ್ಣಾರೆ ಕಂಡರೂ ನಾನು ಬಾಯಿ ಬಿಡುವಂತಿಲ್ಲ. ಗುಂಡು ತುಂಬಿಕೊಳ್ಳಲು ಅನುಮತಿ ಇರುವ ಸ್ಟೇಜಿನಲ್ಲಿ (ಸ್ಪರ್ಧೆಯ ಒಂದು ಸುತ್ತಿನಲ್ಲಿ) ಸ್ಪರ್ಧಿಯು ಚೇಂಬರನ್ನು, ಅಂದರೆ ಹಾರಲಿರುವ ತೋಟಾ ಕೂರುವ ನಳಿಗೆಯ ಹಿಂತುದಿಯನ್ನು, ಖಾಲಿ ಬಿಟ್ಟರೆ, ಅದು ಮರೆವಿನಿಂದಾಗಿರಲಿ, ಬೇಕೆಂದೇ ಆಗಿರಲಿ, ರೇಂಜ್ ಆಫೀಸರ್ ಏನನ್ನೂ ಮಾಡಕೂಡದು, ಏಕೆಂದರೆ ಕೈಯಲ್ಲಿರುವ ಪಿಸ್ತೂಲಿನ ಹೊಣೆ ಯಾವಾಗಲೂ ಸ್ಪರ್ಧಿಯದೇ ಎಂದು ಐಪಿಎಸ್‌ಸಿ (ಅಂತರರಾಷ್ಟ್ರೀಯ ಪ್ರಾಕ್ಟಿಕಲ್ ಶೂಟಿಂಗ್ ಒಕ್ಕೂಟ) ನಿಯಮಾವಳಿ ಹೇಳುತ್ತದೆ. ನಾನು ‘ಆರ್ ಯು ರೆಡಿ’ ಎಂದು ಕೇಳುತ್ತೇನೆ, ಅವರು ತಲೆಯಾಡಿಸುತ್ತಾರೆ, ನಾನು ‘ಸ್ಟ್ಯಾಂಡ್‌ಬೈ’ ಎನ್ನುತ್ತೇನೆ, 1ರಿಂದ 4 ಸೆಕೆಂಡಿನೊಳಗೆ ಟೈಮರ್ ಕೂಗುತ್ತದೆ, ಪಿಸ್ತೂಲು ಮಿಂಚಿನಂತೆ ಹೊರಬರುತ್ತದೆ, ಆಮೇಲೆ ಕೇಳುವುದು ‘ಟಕ್’ ಎಂಬ ಒಂದು ಒಣ ಸದ್ದು ಮಾತ್ರ.

ಈ ಸದ್ದನ್ನು ನಾನು ಹೊಸಬರ ಕೈಯಲ್ಲಿ ಕೇಳಿದಷ್ಟೇ, ಹತ್ತು ಹದಿನೈದು ವರ್ಷ ಆಡಿದವರ ಕೈಯಲ್ಲೂ ಕೇಳಿದ್ದೇನೆ. ಹಾಗಾಗಿ ಇದನ್ನು ಅಜ್ಞಾನದ ತಪ್ಪೆಂದು ನಾನು ಎಣಿಸುವುದಿಲ್ಲ. ನಮ್ಮ ಕ್ರೀಡೆಯ ವ್ಯವಸ್ಥೆಯಲ್ಲಿಯೇ ಈ ತಪ್ಪಿಗೆ ಎಡೆಯಿದೆ, ಅದನ್ನು ಅರಿತುಕೊಂಡರೆ ಚೇಂಬರಿನ ಪರೀಕ್ಷೆಯನ್ನು ಎಲ್ಲಿ ಮತ್ತು ಹೇಗೆ ಮಾಡಬೇಕೆಂಬುದೂ ತಾನಾಗಿ ತಿಳಿಯುತ್ತದೆ.

1976ರಲ್ಲಿ ಅಮೆರಿಕದ ಮಿಸ್ಸೌರಿ ರಾಜ್ಯದ ಕೊಲಂಬಿಯಾ ಪಟ್ಟಣದಲ್ಲಿ ಸೇರಿದ ಸಮಾವೇಶದಲ್ಲಿ ಐಪಿಎಸ್‌ಸಿ ಹುಟ್ಟಿತು, ಪಿಸ್ತೂಲು ತರಬೇತುದಾರ ಜೆಫ್ ಕೂಪರ್ ಅದರ ಮೊದಲ ಅಧ್ಯಕ್ಷರಾದರು. ನಿಖರತೆ, ಶಕ್ತಿ, ವೇಗ ಈ ಮೂರನ್ನೂ ಒಟ್ಟಿಗೆ ತೂಗುವುದು ಅದರ ಧ್ಯೇಯ. ಸ್ಪರ್ಧಿಗಳು ಗುಂಡು ತುಂಬಿದ ಪಿಸ್ತೂಲನ್ನು ಸೊಂಟದಲ್ಲಿಟ್ಟುಕೊಂಡು ಓಡಾಡುವುದಿಲ್ಲ. ಇಡೀ ಮೈದಾನದಲ್ಲಿ ಎಲ್ಲರ ಪಿಸ್ತೂಲೂ ಖಾಲಿಯಾಗಿರುತ್ತದೆ, ಮ್ಯಾಗಜೀನ್ ಹೊರಗಿರುತ್ತದೆ. ಪಿಸ್ತೂಲನ್ನು ಒರೆಸಿ ಸರಿಮಾಡಿಕೊಳ್ಳಲು ಗುರುತು ಮಾಡಿದ ಸುರಕ್ಷಾ ಜಾಗದಲ್ಲಿ ನಿಜವಾದ ತೋಟಾ ಇರಲಿ, ಅಣಕು ತೋಟಾವನ್ನು ಕೈಯಲ್ಲಿ ಹಿಡಿದರೂ ಸ್ಪರ್ಧೆಯಿಂದಲೇ ಹೊರಹಾಕುತ್ತಾರೆ. ಗುಂಡು ತುಂಬುವುದಕ್ಕೆ ಇರುವುದು ಒಂದೇ ಗಳಿಗೆ: ತನ್ನ ಸರದಿ ಬಂದು, ಗುರಿಗಳತ್ತ ಮುಖಮಾಡಿ ನಿಂತು, ರೇಂಜ್ ಆಫೀಸರ್ ‘ಲೋಡ್ ಅಂಡ್ ಮೇಕ್ ರೆಡಿ’ ಎಂದಾಗ. ಅಮೆರಿಕದಲ್ಲಿ ನಾವು ‘ಮೇಕ್ ರೆಡಿ’ ಎಂದಷ್ಟೇ ಹೇಳುತ್ತೇವೆ. ಎಂಟು ಸ್ಟೇಜಿನ ಸ್ಪರ್ಧೆಯಾದರೆ ಎಂಟು ಸಲ ಖಾಲಿಯಿಂದ ಆರಂಭಿಸಿ ತುಂಬಬೇಕು, ಎಂಟು ಸಲ ಮತ್ತೆ ಖಾಲಿಮಾಡಿ ತೋರಿಸಬೇಕು. ಪ್ರತಿ ಸಲವೂ ತಲೆಯೊಳಗೆ ಓಡುತ್ತಿರುವುದು ಮುಂದಿನ ಸ್ಟೇಜಿನ ನಕ್ಷೆ. ಯಾವ ಗುರಿ ಮೊದಲು, ಎಲ್ಲಿ ಮ್ಯಾಗಜೀನ್ ಬದಲಿಸುವುದು, ಯಾವ ಗೋಡೆಯ ಸಂದಿನಿಂದ ಹೊಡೆಯುವುದು ಎಂಬ ಲೆಕ್ಕದಲ್ಲಿ ಮನಸ್ಸು ಮುಳುಗಿದ್ದರೆ ಕೈಗಳು ತಮ್ಮಷ್ಟಕ್ಕೆ ಕೆಲಸ ಮಾಡುತ್ತವೆ, ಮತ್ತು ಅಭ್ಯಾಸದಿಂದ ನಡೆಯುವ ಕೈ ನಡುವಿನ ಒಂದು ಹೆಜ್ಜೆಯನ್ನು ಬಿಟ್ಟರೂ ಮನಸ್ಸಿಗೆ ಅದು ಗೊತ್ತಾಗುವುದಿಲ್ಲ.

ಯಾವ ಹೆಜ್ಜೆ ತಪ್ಪುತ್ತದೆ? ನಾನು ಅತಿ ಹೆಚ್ಚು ಕಂಡಿರುವುದು ಇದು. ಅಪ್ಪಣೆಯಾದ ಮೇಲೆ ಸ್ಪರ್ಧಿ ಖಾಲಿ ಪಿಸ್ತೂಲನ್ನು ತೆಗೆದು, ಮೊದಲ ಗುರಿಯತ್ತ ಹಿಡಿದು, ಮುಂಗುರಿ ಹಿಂಗುರಿಗಳನ್ನು ಹೊಂದಿಸಿ ನೋಡಿ, ಒಮ್ಮೆ ಟ್ರಿಗರ್ ಒತ್ತುತ್ತಾರೆ. ಆಮೇಲೆ ಮ್ಯಾಗಜೀನ್ ಹಾಕುತ್ತಾರೆ. ಮ್ಯಾಗಜೀನ್ ಒಳಗೆ ಕೂತ ಸದ್ದು ಕೇಳಿದೊಡನೆ ಕೆಲಸ ಮುಗಿದಂತೆ ಮನಸ್ಸಿಗೆ ಅನ್ನಿಸಿಬಿಡುತ್ತದೆ. ಪ್ರೊಡಕ್ಷನ್ ವಿಭಾಗದ (ಕಾರ್ಖಾನೆಯ ಸಾಮಾನ್ಯ ಪಿಸ್ತೂಲುಗಳ ವಿಭಾಗ) ಡಬಲ್ ಆಕ್ಷನ್ ಪಿಸ್ತೂಲಾದರೆ (ಟ್ರಿಗರ್ ಒತ್ತುವುದೇ ಹ್ಯಾಮರನ್ನು ಎತ್ತಿ ಬೀಳಿಸುವ ಬಗೆ) ಅಪಾಯ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಆರಂಭದ ಸ್ಥಿತಿಯಲ್ಲಿ ತೋಟಾ ಹಾರಿಸುವ ಪೆಟ್ಟು ಕೊಡುವ ಹ್ಯಾಮರ್ ಪೂರ್ತಿ ಕೆಳಗಿರಬೇಕು, ಖಾಲಿ ಟ್ರಿಗರ್ ಒತ್ತಿದ ಮೇಲೂ ಅದು ಕೆಳಗೇ ಇರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮಿಕ್ಕ ಕಾರಣಗಳನ್ನು ಬೇಗ ಹೇಳಿಬಿಡಬಹುದು: ಮ್ಯಾಗಜೀನ್ ಪೂರ್ತಿ ಕೂರದೆ ಸ್ಲೈಡ್ ಮೇಲಿನ ತೋಟಾವನ್ನು ಹಿಡಿಯದೆ ಹಾದುಹೋಗುವುದು, ಪೂರ್ತಿ ಹಿಂದಕ್ಕೆಳೆಯದ ಸ್ಲೈಡು ತೋಟಾದ ಬೆನ್ನು ಹಿಡಿಯುವ ಮೊದಲೇ ಮುಂದಕ್ಕೆ ಬಂದುಬಿಡುವುದು, ಹಿಂದಿನ ಸ್ಟೇಜಿನಲ್ಲಿ ಖಾಲಿಯಾದ ಮ್ಯಾಗಜೀನನ್ನೇ ಮತ್ತೆ ಹಾಕುವುದು.

ಪರೀಕ್ಷೆ ಹೇಗೆ ಮಾಡಬೇಕೆಂಬುದನ್ನು ಇಲ್ಲಿ ನಿಧಾನವಾಗಿ ಹೇಳಬೇಕಾಗಿದೆ. ಪಿಸ್ತೂಲಿನ ಬಾಯಿ ಗುರಿಗಳ ಕಡೆಗೇ ಇರಬೇಕು. ಬಲಗೈಯಲ್ಲಿ ಹಿಡಿಯುವವರಾದರೆ ಬಲಗೈ ತೋರುಬೆರಳು ಟ್ರಿಗರಿನ ಬಳೆಯ ಹೊರಗೆ, ಚೌಕಟ್ಟಿನ ಪಕ್ಕಕ್ಕೆ ನೇರವಾಗಿ ಚಾಚಿ, ನನಗೂ ಕಾಣುವ ಹಾಗಿರಬೇಕು. ಎಡಗೈಯಿಂದ ಸ್ಲೈಡಿನ ಹಿಂಭಾಗದ ಗೀರುಗಳನ್ನು ಮೇಲಿನಿಂದ ಹಿಡಿದು, ತುಸುವೇ, ಹೆಚ್ಚೆಂದರೆ ಒಂದು ಸೆಂಟಿಮೀಟರಿನಷ್ಟು ಹಿಂದಕ್ಕೆ ಸರಿಸಿ, ಖಾಲಿ ತೋಟಾ ಹಾರಿಬೀಳುವ ಕಿಂಡಿಯೊಳಗೆ ನೋಡಬೇಕು. ಅಲ್ಲಿ ಹಿತ್ತಾಳೆಯ ಹಳದಿ ಹೊಳಪು ಕಂಡರೆ ಗುಂಡಿದೆ. 9 ಮಿಲಿಮೀಟರ್ ತೋಟಾದ ಹಿತ್ತಾಳೆಯ ಕೊಳವೆಯೇ ಸುಮಾರು 19 ಮಿಲಿಮೀಟರ್ ಉದ್ದವಿರುವುದರಿಂದ, ಅಷ್ಟು ಸರಿಸಿದರೂ ತೋಟಾದ ಮುಂದಿನ ಭಾಗ ಚೇಂಬರಿನಲ್ಲಿಯೇ ಉಳಿದಿರುತ್ತದೆ. ಅದಕ್ಕಿಂತ ಹೆಚ್ಚು ಎಳೆದರೆ ತೋಟಾ ಹೊರಗೆ ಹಾರಬಹುದು, ಇಲ್ಲವೇ ಕೆಳಗಿನಿಂದ ಎರಡನೆಯದು ಮೇಲೆದ್ದು ಎರಡೂ ಸಿಕ್ಕಿಹಾಕಿಕೊಳ್ಳಬಹುದು.

ನೋಡಿದ ಮೇಲೆ ಸ್ಲೈಡನ್ನು ಬಿಟ್ಟರೆ ಸಾಲದು. ಮೆಲ್ಲಗೆ ಸರಿಸಿದ ಸ್ಲೈಡು ಮೆಲ್ಲಗೇ ಹಿಂದಿರುಗುತ್ತದೆ, ಕೆಲವೊಮ್ಮೆ ಕೂದಲೆಳೆಯಷ್ಟು ಹಿಂದೆಯೇ ನಿಂತುಬಿಡುತ್ತದೆ. ಹಗುರವಾದ ಸ್ಪ್ರಿಂಗ್ ಹಾಕಿಸಿಕೊಂಡ ಸ್ಪರ್ಧಾ ಪಿಸ್ತೂಲುಗಳಲ್ಲಿ ಇದು ಹೆಚ್ಚು. ಹಾಗೆ ನಿಂತ ಪಿಸ್ತೂಲಿನಿಂದ ಗುಂಡು ಹಾರದೇ ಹೋಗಬಹುದು. ಹೀಗಾಗುತ್ತದೆಂಬ ಕಾರಣಕ್ಕೆ ಈ ಪರೀಕ್ಷೆಯೇ ಬೇಡ, ಪ್ರತಿ ಸಲ ಒಂದೇ ರೀತಿ ಜೋರಾಗಿ ಎಳೆದು ಬಿಟ್ಟರೆ ಸಾಕು ಎಂದು ವಾದಿಸುವ ನುರಿತವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ ಎಂದು ಒಪ್ಪುತ್ತೇನೆ, ಆದರೆ ಪರೀಕ್ಷೆಯನ್ನೇ ಕೈಬಿಡುವುದಕ್ಕಿಂತ ಅದಕ್ಕೆ ಕೊನೆಯ ಒಂದು ಹೆಜ್ಜೆಯನ್ನು ಸೇರಿಸುವುದು ಮೇಲು: ಎಡಗೈ ಅಂಗೈಯಿಂದ ಸ್ಲೈಡಿನ ಹಿಂಭಾಗವನ್ನು ಮುಂದಕ್ಕೆ ಒತ್ತಿ, ಅದು ಚೌಕಟ್ಟಿನೊಂದಿಗೆ ಸಮವಾಗಿ ಕೂತಿದೆಯೇ ಎಂದು ಕಣ್ಣಿನಿಂದ ನೋಡುವುದು.

1911 ಎಂಬ ಹೆಸರಿನ ಪಿಸ್ತೂಲಿನ ಹಳೆಯ ಪದ್ಧತಿಯೊಂದನ್ನು ಇಲ್ಲಿ ಹೆಸರಿಸಿ ಬೇಡವೆನ್ನಬೇಕು. ಹೆಬ್ಬೆರಳನ್ನು ಟ್ರಿಗರಿನ ಬಳೆಗೆ ಸಿಕ್ಕಿಸಿ, ತೋರುಬೆರಳನ್ನು ಪಿಸ್ತೂಲಿನ ಬಾಯಿಯ ಕೆಳಗಿಟ್ಟು ಸ್ಲೈಡನ್ನು ಹಿಂದಕ್ಕೆ ಹಿಸುಕುವುದನ್ನು ಕೆಲವರು ಇನ್ನೂ ಮಾಡುತ್ತಾರೆ. ಗುಂಡು ತುಂಬಿದೆಯೆಂದು ಶಂಕಿಸಿಯೇ ನೋಡುತ್ತಿರುವ ಪಿಸ್ತೂಲಿನ ಬಾಯಿಯ ಬಳಿ ಬೆರಳು ಇಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಪಿಸ್ತೂಲಿನ ಜಾತಿಗೆ ತಕ್ಕಂತೆ ಕ್ರಮವೂ ಬದಲಾಗುತ್ತದೆ. 1911 ಮತ್ತು ಅದರಿಂದ ಬೆಳೆದ 2011 ಮಾದರಿಗಳಲ್ಲಿ ಸೇಫ್ಟಿ (ಗುಂಡು ಹಾರದಂತೆ ತಡೆಯುವ ಕೀಲಿ) ಹಾಕಿದ್ದರೆ ಸ್ಲೈಡ್ ಕದಲುವುದೇ ಇಲ್ಲ, ಆದ್ದರಿಂದ ನೋಡಲು ಸೇಫ್ಟಿ ತೆಗೆಯಬೇಕು, ನೋಡಿದ ಮೇಲೆ ಮತ್ತೆ ಹಾಕಬೇಕು. ಮರೆತು ಸೇಫ್ಟಿ ಇಲ್ಲದೆ ಹೋಲ್‌ಸ್ಟರಿಗೆ ಸೇರಿಸಿದರೆ ಆ ದಿನದ ಸ್ಪರ್ಧೆ ಅಲ್ಲಿಗೇ ಮುಗಿಯಿತು. ಡಬಲ್ ಆಕ್ಷನ್ ಪಿಸ್ತೂಲಿನಲ್ಲಿ ಹ್ಯಾಮರ್ ಇಳಿಸುವ ಮೊದಲೇ ಚೇಂಬರ್ ನೋಡಿಕೊಳ್ಳಬೇಕು. ಇಳಿಸಿದ ಮೇಲೆ ಸ್ಲೈಡ್ ಸರಿಸಿದರೆ ಹ್ಯಾಮರ್ ಮತ್ತೆ ಮೇಲೆದ್ದು ಅರ್ಧದಲ್ಲಿ ನಿಲ್ಲಬಹುದು, ಆಗ ಗುಂಡು ತುಂಬಿದ ಪಿಸ್ತೂಲಿನ ಹ್ಯಾಮರನ್ನು ಎರಡನೆಯ ಸಲ ಇಳಿಸಬೇಕಾಗುತ್ತದೆ. ಡಿಕಾಕಿಂಗ್ ಲಿವರ್ (ಹ್ಯಾಮರ್ ಇಳಿಸುವ ಸನ್ನೆ) ಇರುವ ಪಿಸ್ತೂಲಿನಲ್ಲಿ ಟ್ರಿಗರ್ ಮುಟ್ಟದೆ ಅದರಿಂದಲೇ ಇಳಿಸಬೇಕು, ಇಲ್ಲದಿದ್ದರೆ ಹೆಬ್ಬೆರಳಿನಿಂದ ಹಿಡಿದು ಕೈಯಾರೆ ಪೂರ್ತಿ ಇಳಿಸಬೇಕು. ಸ್ಪರ್ಧಿಯ ಹೆಬ್ಬೆರಳು ಬೆವರಿರುವಾಗ ಈ ಕ್ಷಣ ನನಗೆ ಯಾವಾಗಲೂ ಉಸಿರು ಬಿಗಿಹಿಡಿಯುವಂಥದ್ದು. ಬೆರೆಟ್ಟಾ 92ರಲ್ಲಿ ಚೇಂಬರಿನಲ್ಲಿ ತೋಟಾ ಇದ್ದರೆ ಅದನ್ನು ಹೊರಗೆಳೆಯುವ ಕೊಕ್ಕೆಯಾದ ಎಕ್ಸ್‌ಟ್ರಾಕ್ಟರ್ ಸ್ವಲ್ಪ ಹೊರಚಾಚಿ ಅದರ ಕೆಂಪು ಗುರುತು ಕಾಣುತ್ತದೆ, ಈಚಿನ ಗ್ಲಾಕ್‌ಗಳಲ್ಲಿ ಎಕ್ಸ್‌ಟ್ರಾಕ್ಟರಿನ ಅಂಚನ್ನು ಬೆರಳಿನಿಂದ ತಡವಿ ತಿಳಿಯಬಹುದು. ಇವು ಒಳ್ಳೆಯ ಸಾಕ್ಷಿಗಳು, ಆದರೂ ಹಿತ್ತಾಳೆಯನ್ನು ಕಂಡಷ್ಟು ಖಚಿತವಲ್ಲ.

ಇಷ್ಟೆಲ್ಲ ಮಾಡಿದರೂ ಚೇಂಬರಿನ ಪ್ರಶ್ನೆಗೆ ಮಾತ್ರ ಉತ್ತರ ಸಿಕ್ಕಿರುತ್ತದೆ, ಮ್ಯಾಗಜೀನಿನ ಪ್ರಶ್ನೆ ಹಾಗೆಯೇ ಉಳಿದಿರುತ್ತದೆ. ಇದನ್ನು ನಾನು ನನ್ನ ಮೇಲೆಯೇ ಕಲಿತೆ. ವರ್ಷಗಳ ಹಿಂದೆ ಒಂದು ಸ್ಪರ್ಧೆಯಲ್ಲಿ, ಒಂದು ಗುಂಡು ಹೆಚ್ಚಿಗೆ ಸಿಗಲೆಂದು ಎಲ್ಲರೂ ಮಾಡುವ ಹಾಗೆ, ಬೇರೊಂದು ಮ್ಯಾಗಜೀನಿನಿಂದ ಚೇಂಬರಿಗೆ ತೋಟಾ ಏರಿಸಿ, ಸ್ಲೈಡ್ ಸರಿಸಿ ಹಿತ್ತಾಳೆಯನ್ನು ಕಂಡು, ಆ ಮ್ಯಾಗಜೀನನ್ನು ತೆಗೆದು ತುಂಬಿದ ಇನ್ನೊಂದನ್ನು ಹಾಕಿದೆ. ತುಂಬಿ ತುಳುಕುವ ಮ್ಯಾಗಜೀನು ಮುಚ್ಚಿದ ಸ್ಲೈಡಿನ ಕೆಳಗೆ ಕೂರಲು ಹೆಚ್ಚು ಬಲ ಬೇಡುತ್ತದೆ. ಕೂತಿತೆಂದು ನಂಬಿದೆ. ಬೀಪ್ ಆಯಿತು, ಮೊದಲ ಗುಂಡು ಚೆನ್ನಾಗಿಯೇ ಹಾರಿತು, ಮ್ಯಾಗಜೀನು ನನ್ನ ಕಾಲ ಬಳಿಯ ಜಲ್ಲಿಯ ಮೇಲೆ ಬಿತ್ತು. ಅಂದಿನಿಂದ ಕೊನೆಯ ಮ್ಯಾಗಜೀನ್ ಹಾಕಿದ ಮೇಲೆ ಅಂಗೈಯಿಂದ ಅದರ ಬುಡವನ್ನು ಒಮ್ಮೆ ಬಲವಾಗಿ ತಟ್ಟಿ, ಬೆರಳುಗಳಿಂದ ಹಿಡಿದು ಕೆಳಕ್ಕೆ ಎಳೆದು ನೋಡುತ್ತೇನೆ. ಪರೀಕ್ಷೆಯಾದ ಮೇಲೆ ಪಿಸ್ತೂಲಿನ ಯಾವ ಭಾಗವನ್ನು ಮುಟ್ಟಿದರೂ ಆ ಭಾಗವನ್ನು ಮತ್ತೆ ನೋಡಬೇಕೆಂದು ನಾನು ಕಲಿಸುವವರಿಗೆಲ್ಲ ಒತ್ತಿ ಹೇಳುವುದು ಇದೇ ಕಾರಣಕ್ಕೆ.



ತಪ್ಪಿದರೆ ಎಷ್ಟು ನಷ್ಟ? ನಮ್ಮಲ್ಲಿ ಗಳಿಸಿದ ಅಂಕಗಳನ್ನು ಸೆಕೆಂಡುಗಳಿಂದ ಭಾಗಿಸಿದ್ದೇ ಹಿಟ್ ಫ್ಯಾಕ್ಟರ್. 12 ಗುಂಡಿನ ಚಿಕ್ಕ ಸ್ಟೇಜಿನಲ್ಲಿ ಗರಿಷ್ಠ 60 ಅಂಕ. ಒಬ್ಬರು 54 ಅಂಕಗಳನ್ನು 6 ಸೆಕೆಂಡಿನಲ್ಲಿ ಗಳಿಸಿದರೆ 9.0. ಅವರೇ ‘ಟಕ್’ ಎಂದಾಗ ಬೆಚ್ಚಿ, ಮ್ಯಾಗಜೀನ್ ತಟ್ಟಿ, ಸ್ಲೈಡ್ ಎಳೆದು, ಮತ್ತೆ ಗುರಿ ಹಿಡಿಯುವಷ್ಟರಲ್ಲಿ 2 ಸೆಕೆಂಡ್ ಹೋದರೆ 6.75. ಆ ಸ್ಟೇಜಿನ ಅತ್ಯುತ್ತಮ ಫ್ಯಾಕ್ಟರ್ 9.0 ಆಗಿದ್ದರೆ, 60 ಸ್ಟೇಜ್ ಅಂಕಗಳಲ್ಲಿ ಅವರಿಗೆ ಸಿಗುವುದು 45. ಪಿಸ್ತೂಲು ಕೈಕೊಟ್ಟಿತೆಂದು ಮತ್ತೊಮ್ಮೆ ಆಡಲು ಅವಕಾಶವಿಲ್ಲ. ನಾನು ಪಕ್ಕದಲ್ಲಿ ನಿಂತು ನೋಡುವುದು ಒಂದನ್ನೇ: ಅವರು ಸ್ಲೈಡ್ ಎಳೆದಾಗ ಏನಾದರೂ ಹೊರಗೆ ಬಿತ್ತೇ? ತೋಟಾ ಬಿದ್ದರೆ ಅದು ಹಾರದ ತೋಟಾ, ಏನೂ ಬೀಳದಿದ್ದರೆ ಚೇಂಬರ್ ಮೊದಲಿನಿಂದಲೂ ಖಾಲಿ.

ಭಾರತದಲ್ಲಿ ಹೆಚ್ಚಿನವರಿಗೆ ಪರಿಚಯವಿರುವುದು ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ) ಪದ್ಧತಿಯ ಶೂಟಿಂಗ್, ಅಲ್ಲಿಯೂ ಈ ವಿಷಯದಲ್ಲಿ ಕರುಣೆಯಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ 25 ಮೀಟರ್ ರ‍್ಯಾಪಿಡ್ ಫೈರ್‌ನಲ್ಲಿ ಐದು ಗುಂಡುಗಳ ಸರಣಿಗೆ 8, 6, ಮತ್ತು 4 ಸೆಕೆಂಡುಗಳ ಅವಧಿ ಇರುತ್ತದೆ. ಪಿಸ್ತೂಲು ನಿಜವಾಗಿ ಕೆಟ್ಟಿದ್ದರೆ ಅದು ಮನ್ನಿಸಬಹುದಾದ ದೋಷ. ಗುಂಡು ತುಂಬದೇ ಇರುವುದು, ಕಡಿಮೆ ತುಂಬಿರುವುದು, ಸೇಫ್ಟಿ ತೆಗೆಯದಿರುವುದು, ಮ್ಯಾಗಜೀನ್ ಸರಿಯಾಗಿ ಕೂರಿಸದಿರುವುದು ಇವೆಲ್ಲ ಮನ್ನಿಸಲಾಗದ ದೋಷಗಳ ಪಟ್ಟಿಯಲ್ಲಿವೆ, ಹಾರದ ಗುಂಡುಗಳಿಗೆ ಸೊನ್ನೆ.

ನನಗೆ ಈ ಶಿಸ್ತಿನ ಮೊದಲ ಪಾಠ ಸಿಕ್ಕಿದ್ದು ಮಲೆನಾಡಿನ ನಮ್ಮ ಮನೆಯ ಕೇಪಿನ ಕೋವಿಯಿಂದ. ಅದರ ನಳಿಗೆಯನ್ನು ತೆರೆದು ನೋಡುವಂತಿಲ್ಲ. ಅಜ್ಜ ಗೋಡೆಯಿಂದ ಕೋವಿ ಇಳಿಸಿದೊಡನೆ, ಬಾಯಿಗೆ ಮುಖ ತರದೆ ಪಕ್ಕಕ್ಕೆ ನಿಂತು, ಗಜವನ್ನು (ಮದ್ದು ತುಂಬುವ ಉದ್ದನೆಯ ಕಡ್ಡಿ) ನಳಿಗೆಯೊಳಗೆ ಬಿಡುತ್ತಿದ್ದರು. ಖಾಲಿಯಿದ್ದರೆ ಗಜ ತಳಕ್ಕೆ ಹೋಗಿ ಕಬ್ಬಿಣಕ್ಕೆ ತಾಗಿ ‘ಠಣ್’ ಎನ್ನುತ್ತಿತ್ತು. ಈಡು ತುಂಬಿದ್ದರೆ ಸದ್ದು ಮೊಂಡಾಗಿ, ಗಜದ ತುದಿ ನಾಲ್ಕು ಬೆರಳು ಹೊರಗೇ ಉಳಿಯುತ್ತಿತ್ತು. ನಿನ್ನೆ ತಾವೇ ಖಾಲಿ ಮಾಡಿ ತೂಗುಹಾಕಿದ್ದರೂ ಇಂದು ಗಜ ಹಾಕದೆ ಅವರು ಆ ಕೋವಿಯನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಅಲ್ಲಿ ಕೇಳಿದ ಪ್ರಶ್ನೆ ‘ತುಂಬಿದೆಯೇ’ ಎಂದು, ಇಲ್ಲಿ ‘ಖಾಲಿಯಿದೆಯೇ’ ಎಂದು. ನೋಡುವ ಜಾಗ ಮಾತ್ರ ಒಂದೇ.

‘ಆರ್ ಯು ರೆಡಿ’ ಎಂಬ ಪ್ರಶ್ನೆಗೆ ಸ್ಪರ್ಧಿ ಏನೂ ಹೇಳದಿದ್ದರೆ ಸಿದ್ಧರಿದ್ದಾರೆಂದೇ ಅರ್ಥ. ಸಿದ್ಧರಿಲ್ಲದಿದ್ದರೆ ‘ನಾಟ್ ರೆಡಿ’ ಎನ್ನಬೇಕು, ಅದಕ್ಕೆ ಯಾವ ದಂಡವೂ ಇಲ್ಲ, ಆದರೆ ಹಿಂದೆ ಇಡೀ ತಂಡ ಕಾಯುತ್ತಿರುವಾಗ ಹಾಗೆನ್ನಲು ಹೆಚ್ಚಿನವರು ಸಂಕೋಚಪಡುತ್ತಾರೆ. ಈಚೆಗೆ ಹಾಸನದ ಕಡೆಯ ತರುಣನೊಬ್ಬ ತನ್ನ ಮೊದಲ ಸ್ಪರ್ಧೆಗೆ ಬಂದಿದ್ದ. ಮ್ಯಾಗಜೀನ್ ಹಾಕಿ, ಪಿಸ್ತೂಲನ್ನು ಹೋಲ್‌ಸ್ಟರಿಗೆ ಸೇರಿಸಿ, ಕೈಗಳನ್ನು ಇಳಿಬಿಟ್ಟು ನಿಂತ. ಅವನು ಸ್ಲೈಡ್ ಎಳೆದಿರಲಿಲ್ಲ, ನಾನು ನೋಡಿದ್ದೆ. ನಿಯಮದಂತೆ ಪ್ರಶ್ನೆ ಕೇಳಿದೆ. ಎರಡು ಗಳಿಗೆ ಸುಮ್ಮನಿದ್ದವನು ‘ನಾಟ್ ರೆಡಿ’ ಎಂದ. ಗುರಿಗಳತ್ತ ಪಿಸ್ತೂಲು ತೆಗೆದು, ಬೆರಳನ್ನು ಚೌಕಟ್ಟಿನ ಮೇಲಿಟ್ಟು, ಸ್ಲೈಡನ್ನು ತುಸು ಸರಿಸಿ ಕಿಂಡಿಯೊಳಗೆ ನೋಡಿದ. ಕಪ್ಪು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಆಗ ಪೂರ್ತಿ ಎಳೆದು ಬಿಟ್ಟು, ಮತ್ತೊಮ್ಮೆ ನೋಡಿ, ಹಿಂಭಾಗವನ್ನು ಅಂಗೈಯಿಂದ ಒತ್ತಿ, ಮ್ಯಾಗಜೀನಿನ ಬುಡವನ್ನು ಎಳೆದು ನೋಡಿ, ಹೋಲ್‌ಸ್ಟರಿಗೆ ಸೇರಿಸಿದ. ಸ್ಟೇಜ್ ಮುಗಿಸಿ ಖಾಲಿ ಪಿಸ್ತೂಲು ತೋರಿಸಿದ ಮೇಲೆ, ‘ಸರ್, ಸ್ಲೈಡ್ ಎಳೆದ ನೆನಪೇ ಬರಲಿಲ್ಲ, ಅದಕ್ಕೇ ನಿಲ್ಲಿಸಿದೆ’ ಎಂದ. ಅವನ ಸ್ಕೋರ್ ಶೀಟಿಗೆ ಸಹಿ ಹಾಕುವಾಗ ನನ್ನ ಕೈಗೆ ಎಂದಿಗಿಂತ ಹೆಚ್ಚು ಖುಷಿಯಿತ್ತು.