ರಾತ್ರಿ 10.40ಕ್ಕೆ "ಊಟ ಆಯ್ತಾ?" ಎಂದು ಕೇಳುವ ರಿಕ್ರೂಟರ್

ಕಂಪನಿಗಳಿಗೆ ಜನರನ್ನು ಹುಡುಕಿಕೊಡುವ ಕನ್ಸಲ್ಟೆನ್ಸಿಯಲ್ಲಿ ನನ್ನ ಕೆಲಸ. ಕೆಲಸದ ಆಫರ್ ಸಿಕ್ಕಿಯೂ ಕೈಬಿಟ್ಟವರಿಗೆ ನಾನೇ ಒಂದು ಫೋನ್ ಮಾಡಿ ಕಾರಣ ಕೇಳುತ್ತೇನೆ. ಹೆಚ್ಚಿನವರು ಬೇರೆ ಕಡೆ ಜಾಸ್ತಿ ಸಂಬಳ ಸಿಕ್ಕಿತು ಅನ್ನುತ್ತಾರೆ. ಕೆಲವರನ್ನು ಈಗಿರುವ ಕಂಪನಿಯೇ ಸಂಬಳ ಏರಿಸಿ ಉಳಿಸಿಕೊಂಡಿರುತ್ತದೆ. ಎರಡು ವರ್ಷದ ಹಿಂದೆ ಶಿವಮೊಗ್ಗ ಕಡೆಯ ಒಬ್ಬ ಹುಡುಗಿ, ಬಿಟಿಎಂ ಲೇಔಟ್‌ನ ಪಿಜಿಯಲ್ಲಿದ್ದವಳು, "ಪರ್ಸನಲ್ ಮೇಡಂ" ಅಂದು ಸುಮ್ಮನಾದಳು. ನಾನೂ ಸುಮ್ಮನಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಹೇಳಿದಳು: ನಮ್ಮ ತಂಡದ ರಿಕ್ರೂಟರ್ ಒಬ್ಬ ಮೂರು ವಾರದಿಂದ ದಿನಾ ರಾತ್ರಿ ವಾಟ್ಸಾಪ್ ಮಾಡುತ್ತಿದ್ದ.

ಸ್ಕ್ರೀನ್‌ಶಾಟ್ ಕಳಿಸಿದಳು. ಅದರಲ್ಲಿ ಒಂದೇ ಒಂದು ಕೆಟ್ಟ ಮಾತಿರಲಿಲ್ಲ. "ಊಟ ಆಯ್ತಾ?" "ಹೊಸ ಡಿಪಿ ಚೆನ್ನಾಗಿದೆ." "ನಿಮ್ಮ ಪ್ರೊಫೈಲ್ ನಾನೇ ಪುಶ್ ಮಾಡ್ತಿದ್ದೀನಿ, ಟೆನ್ಷನ್ ಮಾಡ್ಕೋಬೇಡಿ." "ಭಾನುವಾರ ಫ್ರೀ ಇದ್ರೆ ಕಾಫಿಗೆ ಸಿಗೋಣ್ವಾ?" ಅಷ್ಟೇ.

ಊಟ ಆಯ್ತಾ ಅನ್ನುವುದು ನಮ್ಮಲ್ಲಿ ನಮಸ್ಕಾರ ಇದ್ದ ಹಾಗೆ. ದಾರಿಯಲ್ಲಿ ಸಿಕ್ಕ ಪಕ್ಕದ ಮನೆಯವರನ್ನೂ ಕೇಳುತ್ತೇವೆ, ಉತ್ತರಕ್ಕೆ ಕಾಯುವುದೂ ಇಲ್ಲ. ಆದರೆ ರಾತ್ರಿ 10.40ಕ್ಕೆ, ನಿಮ್ಮ ರೆಸ್ಯೂಮೆ ಕೈಯಲ್ಲಿಟ್ಟುಕೊಂಡವನು ಕೇಳಿದರೆ ಉತ್ತರ ಕೊಡಲೇಬೇಕು ಅನ್ನಿಸುತ್ತದೆ. ಕೊಡದಿದ್ದರೆ ನಾಳೆ ಏನಾಗುತ್ತದೋ ಗೊತ್ತಿಲ್ಲ.

ಹುಡುಗನನ್ನು ಕರೆದು ಕೇಳಿದೆ. ಅವನು ಸುಳ್ಳು ಹೇಳಲಿಲ್ಲ. "ಮೇಡಂ, ಅವರೂ ರಿಪ್ಲೈ ಮಾಡ್ತಿದ್ರಲ್ಲ, ಸ್ಮೈಲಿ ಕೂಡ ಹಾಕ್ತಿದ್ರು" ಅಂದ. ಇಷ್ಟ ಇಲ್ಲದಿದ್ದರೆ ಹೇಳಬಹುದಿತ್ತು ಎಂದು ನಿಜವಾಗಿಯೂ ನಂಬಿದ್ದ. ಈ ಕೆಲಸದಲ್ಲಿ ನನಗೆ 17 ವರ್ಷ ಆಯಿತು, ಈ ಮಾತನ್ನು ಬೇರೆಯವರ ಬಾಯಲ್ಲೂ ಕೇಳಿದ್ದೇನೆ. ಅದಕ್ಕೇ ಆ ಸ್ಮೈಲಿ ಎಲ್ಲಿಂದ ಬಂತು ಅನ್ನುವುದನ್ನು ಬಿಡಿಸಿ ಹೇಳಬೇಕು.

ಆಗ ಅವಳು ರಾಜೀನಾಮೆ ಕೊಟ್ಟಾಗಿತ್ತು. 90 ದಿನದ ನೋಟಿಸ್ ಪೀರಿಯಡ್‌ನಲ್ಲಿ 50 ದಿನ ಕಳೆದಿತ್ತು, ಕೊನೆಯ ದಿನ ನಿಗದಿಯಾಗಿತ್ತು, ಕೈಯಲ್ಲಿ ಬೇರೆ ಆಫರ್ ಇರಲಿಲ್ಲ, ಪಿಜಿ ಬಾಡಿಗೆ, ಓದಿನ ಸಾಲದ ಕಂತು ಎರಡೂ ತಿಂಗಳಾದರೆ ಬಂದು ನಿಲ್ಲುತ್ತಿದ್ದವು. ಅವಳ ಮೊಬೈಲ್ ನಂಬರ್, ಹುಟ್ಟಿದ ದಿನ, ವಿಳಾಸ, ಅಪ್ಪನ ಹೆಸರು, ಈಗಿನ ಸಂಬಳ ಎಲ್ಲ ಅವನಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದ್ದದ್ದು ಅವನ ಹೆಸರು ಮಾತ್ರ. ಅಂಥ ಜಾಗದಲ್ಲಿ ಕೂತವರು "ಬೇಡ" ಅನ್ನುವ ಬದಲು ಸ್ಮೈಲಿ ಹಾಕಿ ಫೋನ್ ಕೆಳಗಿಡುತ್ತಾರೆ. ಅದು ಒಪ್ಪಿಗೆ ಅಲ್ಲ.

"ನಾನೇನು ಡಿಸೈಡ್ ಮಾಡ್ತೀನಿ, ಮ್ಯಾನೇಜರ್ ಅಲ್ವಾ ಮಾಡೋದು" ಅನ್ನುವ ರಿಕ್ರೂಟರ್‌ಗಳು ತುಂಬ ಜನ. ಕೆಲಸ ಕೊಡಿಸುವ ಶಕ್ತಿ ನಮಗಿಲ್ಲ, ನಿಜ. ತಡೆಯುವ ಶಕ್ತಿ ಖಂಡಿತ ಇದೆ. 40 ಪ್ರೊಫೈಲ್‌ಗಳಲ್ಲಿ ಕಂಪನಿಯ ಮ್ಯಾನೇಜರ್ ಕಣ್ಣಿಗೆ ಮೊದಲು ಬೀಳುವ 5 ಯಾವುದು, ಯಾರ ಇಂಟರ್‌ವ್ಯೂ ಸೋಮವಾರ, ಯಾರದು ಮುಂದಿನ ವಾರ, "ಸಂಬಳ ಜಾಸ್ತಿ ಕೇಳ್ತಿದ್ದಾರೆ" ಅನ್ನುವುದನ್ನು ಯಾವ ದನಿಯಲ್ಲಿ ಹೇಳುತ್ತೇವೆ, ಇವೆಲ್ಲ ನಮ್ಮ ಕೈಯಲ್ಲೇ ಇವೆ. ಒಂದು ಫೈಲನ್ನು ಎರಡು ವಾರ ಸುಮ್ನೆ ಬಿಟ್ಟರೂ ಯಾರೂ ನಮ್ಮನ್ನು ಕೇಳುವುದಿಲ್ಲ. ಕ್ಯಾಂಡಿಡೇಟ್‌ಗೆ ಅದು ಗೊತ್ತಿರುತ್ತದೆ.

ಇನ್ನೊಂದು ವಿಷಯ, ಋಣದ್ದು. "ಮೇಡಂ, ನೀವು ಇಷ್ಟು ಸಹಾಯ ಮಾಡಿದ್ರಿ" ಎಂದು ಕ್ಯಾಂಡಿಡೇಟ್‌ಗಳು ಹೇಳುವಾಗ ನನಗೆ ಮುಜುಗರ ಆಗುತ್ತದೆ. ಕನ್ಸಲ್ಟೆನ್ಸಿಗೆ ದುಡ್ಡು ಕೊಡುವುದು ಕಂಪನಿ. ನಮ್ಮ ಕಡೆ ಸಾಮಾನ್ಯವಾಗಿ ಕೇಳುವ ದರ ವರ್ಷದ ಸಂಬಳದ 8.33%, ಅಂದರೆ ಒಂದು ತಿಂಗಳ ಸಂಬಳದಷ್ಟು. 12 ಲಕ್ಷದ ಕೆಲಸಕ್ಕೆ ನೀವು ಸೇರಿದರೆ ನಮಗೆ ಹೆಚ್ಚುಕಡಿಮೆ 1 ಲಕ್ಷ ಬಂತು. ನೀವು ಮೊದಲ 90 ದಿನದೊಳಗೆ ಬಿಟ್ಟರೆ ಎಷ್ಟೋ ಒಪ್ಪಂದಗಳ ಪ್ರಕಾರ ಬೇರೆಯವರನ್ನು ನಾವು ಪುಕ್ಕಟೆ ಹುಡುಕಿಕೊಡಬೇಕು. ಹಾಗಾಗಿ ನಿಮ್ಮ ಫೈಲಿಗೆ ನಾವು ಓಡಾಡುವುದು ನಮ್ಮ ಹೊಟ್ಟೆಪಾಡು. ನಿಮ್ಮ ಮೇಲೆ ಯಾವ ಋಣವೂ ಇಲ್ಲ. "ನಿಮಗೋಸ್ಕರ ನಾನೇ ಮಾತಾಡಿದ್ದೀನಿ" ಎಂದು ಯಾರಾದರೂ ಪದೇ ಪದೇ ನೆನಪಿಸಿದರೆ ಅಲ್ಲೇ ಎಚ್ಚರವಾಗಿ. ನಿಮ್ಮಿಂದಲೇ ದುಡ್ಡು ಕೇಳಿದರಂತೂ ಮಾತು ಅಲ್ಲಿಗೇ ನಿಲ್ಲಿಸಿ.

ಗಡಿ ದಾಟುವುದು ಕಾಫಿಗೆ ಕರೆಯುವುದರಿಂದ ಮಾತ್ರ ಅಂತ ತಿಳಿಯಬೇಡಿ. ನಾನೇ ಮಾಡಿದ ತಪ್ಪು ಒಂದಿದೆ. ಮೊದಲ ಕೆಲವು ವರ್ಷ ಕನ್ನಡದವರು ಸಿಕ್ಕರೆ ಸಾಕು, ಖುಷಿಯಿಂದ "ಯಾವೂರು?" ಅಂತ ಶುರು ಮಾಡುತ್ತಿದ್ದೆ. ಆಮೇಲೆ "ಅಲ್ಲಿ ಯಾರ ಮನೆ? ಯಾರ ಪೈಕಿ?" ಒಮ್ಮೆ ಚಾಮರಾಜನಗರ ಕಡೆಯ ಹುಡುಗನೊಬ್ಬ ಊರಿನ ಹೆಸರು ಹೇಳಿದ, ಎರಡನೇ ಪ್ರಶ್ನೆಗೆ ಮಾತು ನಿಲ್ಲಿಸಿದ. ಆ ಕಡೆ ಉಸಿರು ಮಾತ್ರ ಕೇಳುತ್ತಿತ್ತು. ನಾನು ಕೇಳಿದ್ದು ಅವನ ಜಾತಿಯನ್ನು. ನನಗೆ ಆ ಉದ್ದೇಶ ಇರಲಿಲ್ಲ ಅನ್ನುವುದು ಅವನಿಗೆ ಹೇಗೆ ಗೊತ್ತಾಗಬೇಕು? ನಮ್ಮೂರಿನ ಜಗಲಿಯಲ್ಲಿ ಕೇಳುವ ಪ್ರಶ್ನೆಯನ್ನು ಸಂಬಳದ ವಿಷಯ ಮಾತಾಡುವ ಫೋನಿನಲ್ಲಿ ಕೇಳಬಾರದು. ಅವತ್ತಿನಿಂದ ಊರನ್ನೂ ಕೇಳುವುದಿಲ್ಲ, ಅವರಾಗಿ ಹೇಳಿದರೆ ಕೇಳಿಸಿಕೊಳ್ಳುತ್ತೇನೆ. "ಮದುವೆ ಆಗಿದೆಯಾ, ಮಕ್ಕಳ ಪ್ಲಾನ್ ಏನು" ಅನ್ನುವುದೂ ಇದೇ ಸಾಲಿಗೆ ಸೇರಿದ್ದು.

ಕ್ಯಾಂಡಿಡೇಟ್‌ಗಳ ಕಡೆಯಿಂದಲೂ ಗಡಿ ಅಲುಗಾಡುತ್ತದೆ. ಇಂಟರ್‌ವ್ಯೂಗೆ ಮೊದಲೇ ಅರ್ಧ ಕಿಲೋ ಧಾರವಾಡ ಪೇಡ ತಂದು ನನ್ನ ಟೇಬಲ್ ಮೇಲೆ ಇಟ್ಟವರಿದ್ದಾರೆ. "ಅಮ್ಮಾ, ಹೇಗಾದ್ರೂ ಮಾಡಿ" ಎಂದು ಅಪ್ಪಂದಿರು ಫೋನ್ ಮಾಡುತ್ತಾರೆ. ಬೈಯಬಾರದು. ಭಯದಿಂದ ಮಾಡುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ತನ್ನಿ, ಎಲ್ಲರೂ ಹಂಚಿಕೊಂಡು ತಿನ್ನೋಣ ಎಂದು ವಾಪಸ್ ಕೊಡುತ್ತೇನೆ.

ನಿಜವಾಗಿಯೂ ಇಷ್ಟ ಆಗಿಬಿಟ್ಟರೆ? ತಂಡದವರು ನನ್ನನ್ನು ಕೇಳಿದ್ದಾರೆ. ತಪ್ಪಲ್ಲ, ಮನುಷ್ಯರಿಗೆ ಆಗುವಂಥದ್ದೇ. ಹಾಗಾದರೆ ಆ ಫೈಲನ್ನು ಬೇರೆಯವರಿಗೆ ಕೊಡಿ, ನಿಮ್ಮ ಮ್ಯಾನೇಜರ್‌ಗೆ ಹೇಳಿ, ನಂಬರ್ ಅಳಿಸಿ. ಆ ನಂಬರ್ ಸಿಕ್ಕಿದ್ದು ಕೆಲಸಕ್ಕೆಂದು ಕೊಟ್ಟ ರೆಸ್ಯೂಮೆಯಿಂದ. ಅದನ್ನು ಬೇರೆ ಯಾವುದಕ್ಕೂ ಬಳಸುವ ಹಾಗಿಲ್ಲ, ಫೈಲ್ ಮುಗಿದ ಮೇಲೂ ಇಲ್ಲ.

ಕ್ಯಾಂಡಿಡೇಟ್‌ಗಳಿಗೆ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ನಾನಿನ್ನೂ ಆ ಕಂಪನಿಯ ಉದ್ಯೋಗಿಯೇ ಅಲ್ಲವಲ್ಲ, ಯಾರಿಗೆ ದೂರು ಕೊಡಲಿ ಅಂದುಕೊಳ್ಳುತ್ತೀರಿ. ಪಾಶ್ ಎಂದು ಕರೆಯುವ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ನೊಂದ ಮಹಿಳೆ ಉದ್ಯೋಗಿಯಾಗಿರಲಿ, ಇಲ್ಲದಿರಲಿ ಎಂದು ಸ್ಪಷ್ಟವಾಗಿ ಬರೆದಿದೆ. ಮುಂದೆ ಸಿಗಬಹುದಾದ ಕೆಲಸದ ಹೆಸರಿನಲ್ಲಿ ಹೆದರಿಸುವುದನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಕನ್ಸಲ್ಟೆನ್ಸಿಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಬರೆಯಬಹುದು. ಕೊನೆಯ ಘಟನೆಯಿಂದ 3 ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು, ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಸಮಯ ಕೊಡಬಹುದು. ಈ ಕಾಯ್ದೆಯಡಿ ದೂರು ಕೊಡುವ ಹಕ್ಕು ಮಹಿಳೆಯರಿಗೆ ಮಾತ್ರ, ಆದರೆ ಹುಡುಗರಿಗೂ ಇಂಥದ್ದು ಆಗುತ್ತದೆ. ಅವರು ಕಂಪನಿಯ ಎಚ್‌ಆರ್ ಮುಖ್ಯಸ್ಥರಿಗೆ ನೇರವಾಗಿ ಮೇಲ್ ಮಾಡಲಿ.

ಅಲ್ಲಿಯವರೆಗೂ ಹೋಗುವ ಮೊದಲು ಒಂದು ಸಾಲು ಸಾಕಾಗಬಹುದು: "ಸರ್, ಇಂಟರ್‌ವ್ಯೂ ವಿಷಯ ಮೇಲ್‌ನಲ್ಲಿ ತಿಳಿಸಿ, ನನಗೆ ಅನುಕೂಲ ಆಗುತ್ತದೆ." ಹಳೆಯ ಚಾಟ್ ಅಳಿಸಬೇಡಿ, ನಂಬರ್ ಮತ್ತು ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಇಂಟರ್‌ವ್ಯೂ ಆಫೀಸಿನಲ್ಲಿ ಇಲ್ಲವೇ ವಿಡಿಯೊ ಕಾಲ್‌ನಲ್ಲಿ ಆಗಲಿ, ಯಾರದೋ ಮನೆ ಅಥವಾ ಹೋಟೆಲ್ ರೂಮು ಅಂದರೆ ಬೇಡ ಅನ್ನಿ. ಆಫರ್ ಬರುವ ಮೊದಲೇ ಆಧಾರ್ ಕೇಳಿದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

ಆ ಹುಡುಗನ ಮೇಲೆ ಕ್ರಮ ಆಯಿತು, ಅದರ ವಿವರ ಇಲ್ಲಿ ಬೇಡ. ಹುಡುಗಿಗೆ ಬೇರೆ ಕಡೆ ಕೆಲಸ ಸಿಕ್ಕಿತು, ನಮ್ಮ ಮೂಲಕ ಅಲ್ಲ. ಶಾರ್ಟ್‌ಲಿಸ್ಟ್ ಆದವರಿಗೆಲ್ಲ ಹೋಗುವ ಮೊದಲ ಮೇಲ್‌ನ ಕೆಳಗೆ ನನ್ನ ನಂಬರ್ ಮತ್ತು ಸಮಿತಿಯ ಮೇಲ್ ವಿಳಾಸ ಹಾಕಬೇಕು ಅಂತ ಆಗ ಯೋಚಿಸಿದೆ. "ದೂರುಗಳಿದ್ದಲ್ಲಿ ಸಂಪರ್ಕಿಸಿ" ಎಂದು ಬರೆದು ಅವಳಿಗೇ ಕಳಿಸಿ ಕೇಳಿದೆ. "ದೂರು ಅಂತ ಹಾಕಬೇಡಿ ಮೇಡಂ, ಆ ಪದ ನೋಡಿದ್ರೆ ನಾನಂತೂ ಫೋನ್ ಮಾಡ್ತಿರಲಿಲ್ಲ" ಅಂದಳು. ಈಗ ಅಲ್ಲಿ ಅವಳು ಬರೆದುಕೊಟ್ಟ ಸಾಲೇ ಇದೆ: "ನಮ್ಮವರ ಮಾತಿನಲ್ಲಿ ಏನಾದರೂ ಸರಿ ಅನ್ನಿಸದಿದ್ದರೆ ಈ ನಂಬರಿಗೆ ಒಂದು ಮೆಸೇಜ್ ಹಾಕಿ, ಇದರಿಂದ ನಿಮ್ಮ ಇಂಟರ್‌ವ್ಯೂಗೆ ತೊಂದರೆ ಆಗುವುದಿಲ್ಲ."